ಸಂಚಿಯೊಳಗಿನ ನೆಟ್ಟು

ವಯಸ್ಸಾದವರಿಗೆ ಮನೆಯಲ್ಲಿ ಬೆಲೆ ಇಲ್ಲ ಎಂದು ಗುಡಿಯ ಕಟ್ಟೆಯ ಮೇಲೆ ಕುಳಿತು ಕಣ್ಣೊರೆಸಿಕೊಳ್ಳುವ ನನ್ನ ಓರಗೆಯ ಹೆಂಗಸರನ್ನು ಕಂಡರೆ ನನಗೆ ಮರುಕ ಬರುವುದಿಲ್ಲ, ಸಿಟ್ಟು ಬರುತ್ತದೆ. ಬೆಲೆಯನ್ನು ಯಾರೂ ತಾವಾಗಿ ತಂದು ಕೊಡುವುದಿಲ್ಲ. ಮಂದಿಗೆ ಬೇಕಾದದ್ದು ಏನಾದರೊಂದು ನಮ್ಮ ಕೈಯಲ್ಲಿರಬೇಕು. ಕೆಲವರು ಬಂಗಾರದ ಸರ ಇಟ್ಟುಕೊಂಡಿರುತ್ತಾರೆ, ಕೆಲವರು ಹೊಲ ಇಟ್ಟುಕೊಂಡಿರುತ್ತಾರೆ. ನನ್ನ ಸರ ಮಗಳ ಮದುವೆಯಲ್ಲಿ ಹೋಯಿತು. ಹೊಲ ಮೊದಲೇ ಇರಲಿಲ್ಲ, ನಾವು ಬನಹಟ್ಟಿಯ ನೇಕಾರರು. ನನ್ನ ಕೈಯಲ್ಲಿ ಇದ್ದದ್ದು ಸಾಬೂನಿನ ಡಬ್ಬಿಯಷ್ಟಿದ್ದ ಒಂದು ಬಿಳಿ ಪೆಟ್ಟಿಗೆ. ಅದನ್ನು ಎಲೆಯಡಿಕೆಯ ಸಂಚಿಯಲ್ಲಿಟ್ಟುಕೊಂಡು ವರ್ಷದ ಹತ್ತಿರ ಎರಡು ಮನೆ ಆಳಿದೆ. ಹೇಗೆ ಏರಿದೆ, ಹೇಗೆ ಇಳಿದೆ ಎಂದು ಹೇಳುತ್ತೇನೆ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟು ನೂಲಿನ ಕಂಡಿಕೆ ಸುತ್ತಲು ಕುಳಿತವಳು ನಾನು, ದೊಡ್ಡ ಮಾತುಗಳಿಗೆ ಕಾಯಬೇಡಿ.

ಯಜಮಾನರು ಹೋದ ಮೇಲೆ ಇಬ್ಬರು ಗಂಡುಮಕ್ಕಳು ಮನೆಯ ನಡುವೆ ಗೋಡೆ ಎಬ್ಬಿಸಿದರು. ಎಡಕ್ಕೆ ಹಿರಿಯವನು ಮಲ್ಲಪ್ಪ, ಅವನ ಹೆಂಡತಿ ಸಾವಿತ್ರಿ. ಬಲಕ್ಕೆ ಕಿರಿಯವನು ಈರಣ್ಣ, ಅವನ ಹೆಂಡತಿ ರೇಖಾ. ತಲಬಾಗಿಲು ಮತ್ತು ಪಡಸಾಲೆ ಇಬ್ಬರಿಗೂ ಸೇರಿ ಉಳಿದವು. ಓಣಿಯಾಚೆಗಿನ ಶೆಡ್ಡಿನ ಪವರ್‌ಲೂಮುಗಳನ್ನು ಹಂಚಿಕೊಂಡರು, ಬೀಸುಕಲ್ಲು ಅವನಿಗೆ, ಒರಳು ಇವನಿಗೆ ಎಂದು ಕಲ್ಲುಗಳನ್ನೂ ಹಂಚಿಕೊಂಡರು. ಪಾಲಾಗದೆ ಉಳಿದದ್ದು ಎರಡೇ: ಕರೆಂಟಿನ ಮೀಟರು ಮತ್ತು ನಾನು. ಮೀಟರು ಬೇರೆ ಮಾಡಿಸಬೇಕಾದರೆ ಅಣ್ಣತಮ್ಮ ಇಬ್ಬರೂ ಕೂಡಿ ಕರೆಂಟಿನ ಆಫೀಸಿಗೆ ಹೋಗಿ ಸಹಿ ಹಾಕಬೇಕಿತ್ತು, ಒಂದೇ ಬಾಗಿಲಲ್ಲಿ ಹೊಗುವ ಮನಸ್ಸು ಅವರಿಗಿರಲಿಲ್ಲ. ಹಾಗಾಗಿ ಮೇಲೆ ಗೋಡೆ ಎದ್ದರೂ ಕರೆಂಟಿನ ತಂತಿ ಮೊದಲಿನ ಹಾಗೇ ಎರಡೂ ಕಡೆ ಓಡಾಡಿಕೊಂಡಿತ್ತು. ನನಗೆ ಮಾತ್ರ ಪಾಳಿ ಹಚ್ಚಿದರು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಈ ಮನೆ, ಆಮೇಲೆ ಆ ಮನೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ನಿಲ್ಲುತ್ತವೆ, ಗಂಡಸರು ಖಾಲಿ ಇರುತ್ತಾರೆ, ನನ್ನ ಟ್ರಂಕು ಮತ್ತು ಕೌದಿ ಎತ್ತಿ ಇಡಲು ಅನುಕೂಲ.

ಆದರೆ ಅಮಾವಾಸ್ಯೆಗೂ ಒಂದು ತಕರಾರಿತ್ತು. ಅದು ನಡು ಮಧ್ಯಾಹ್ನ ಹತ್ತಿದರೆ ಆ ದಿನದ ನನ್ನ ಊಟ ಯಾರದು? ಸೊಸೆಯರಿಬ್ಬರಿಗೂ ಮಾತಿರಲಿಲ್ಲ. ಪಡಸಾಲೆಯಲ್ಲಿ ನನ್ನನ್ನು ನಡುವೆ ಕೂರಿಸಿಕೊಂಡು, ನನಗೆ ಹೇಳಿದಂತೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. "ಅತ್ತೀ, ಅಮಾಸಿ ಹತ್ತೇತ್ರಿ. ಮಧ್ಯಾಹ್ನದ ಊಟ ಆ ಕಡೆ ಬರತೈತಿ" ಎಂದು ಸಾವಿತ್ರಿ. "ಅತ್ತೀ, ಹೊತ್ತ ಹುಟ್ಟಿದಾಗ ಯಾ ತಿಥಿ ಇರತೈತಿ ಅದs ಲೆಕ್ಕ ಅಂತ ನಮ್ಮಪ್ಪ ಅಂತಿದ್ದರಿ. ಇವತ್ತೊಂದಿನ ಅಲ್ಲೇ ಉಣ್ರಿ" ಎಂದು ರೇಖಾ. ನಾನು ಟ್ರಂಕಿನ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದೆ.

ಅಳಲಿಲ್ಲ. ಪ್ರೀತಿ ಸಿಕ್ಕರೆ ಬೇಡ ಅನ್ನುವುದಿಲ್ಲ, ಆದರೆ ನನಗೆ ಬೇಕಾಗಿದ್ದದ್ದು ಬಿಸಿ ರೊಟ್ಟಿ. ಬಾಯಲ್ಲಿ ಹಲ್ಲಿಲ್ಲ. ಹಂಚಿನಿಂದ ಇಳಿಸಿದ ಕೂಡಲೇ ತಿಂದರೆ ಜೋಳದ ರೊಟ್ಟಿ ಒಸಡಿಗೂ ಬಗ್ಗುತ್ತದೆ. ಒಣಗಿಸಿ ಕಟಕ ಮಾಡಿಟ್ಟರೆ ಮನೆಯ ಹೆಂಚನ್ನು ಕಡಿದ ಹಾಗೆ. ನನ್ನ ಸೊಸೆಯರೋ, ವಾರದ ರೊಟ್ಟಿಯನ್ನು ಒಂದೇ ದಿನ ಬಡಿದು, ಕಟಕ ಮಾಡಿ, ಬುಟ್ಟಿಯಲ್ಲಿ ಜೋಡಿಸಿಡುವವರು. "ಸಾರಿನ್ಯಾಗ ನೆನಿಸಿಕೊಂಡ ಉಣ್ರಿ ಅತ್ತಿ, ಮೆತ್ತಗ ಆಕ್ಕಾವ." ಮಾತಿಲ್ಲದ ಇಬ್ಬರಿಗೂ ಇದೊಂದು ಮಾತು ಮಾತ್ರ ಅಕ್ಷರ ತಪ್ಪದೆ ಒಂದೇ.

ಇನ್ನು ನೆಟ್ಟಿನ ಸಂಗತಿ. ಹಳೆಯ ಟೆಲಿಫೋನು ಮಲ್ಲಪ್ಪನ ಪಾಲಿಗೆ ಬಂದಿತ್ತು. ಅದರ ತಂತಿಗೆ ಇಂಟರ್‌ನೆಟ್ಟಿನ ಡಬ್ಬಿ ಜೋಡಿಸಿಕೊಂಡು ಮುಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದ. ನಮ್ಮ ಹಳೆಯ ಗೋಡೆಗಳು ಕಲ್ಲುಮಣ್ಣಿನವು, ಮೊಳಕ್ಕಿಂತ ದಪ್ಪ. ಮುಂದಿನ ಕೋಣೆಯಲ್ಲಿ ಗಂಡ ಬೈದದ್ದು ಅಡುಗೆಮನೆಯಲ್ಲಿರುವ ಹೆಂಡತಿಗೆ ಕೇಳುವುದಿಲ್ಲ. ನನ್ನ ಸಂಸಾರ ಅಷ್ಟು ವರ್ಷ ಸುರಳೀತ ನಡೆದದ್ದೇ ಆ ಗೋಡೆಗಳಿಂದ. ಗಂಡಸಿನ ಬೈಗುಳವೇ ದಾಟದ ಗೋಡೆಯನ್ನು ನೆಟ್ಟು ದಾಟುತ್ತದೆಯೇ? ಮುಂದಿನ ಕೋಣೆಯಲ್ಲಿ ಯಾವಾಗಲೂ ಸೀರೆಯ ವ್ಯಾಪಾರಿಗಳು, ಸಾವಿತ್ರಿ ಅಲ್ಲಿ ಹೋಗಿ ಕೂರುವಂತಿಲ್ಲ. ಸಂಜೆ ಕರೆಂಟು ಹೋಗಿ ತಪ್ಪಿದ ಧಾರಾವಾಹಿಯನ್ನು ಮರುದಿನ ಫೋನಿನಲ್ಲಿ ನೋಡಬೇಕೆಂಬ ಅವಳ ಆಸೆ ಅಡುಗೆಮನೆಯಲ್ಲೇ ಕಮರಿತ್ತು. ರೇಖಾ ಸೀರೆಗಳ ಫೋಟೋ ಕಳಿಸಿ ಮಹಾಲಿಂಗಪುರದ ತವರಿನ ಕಡೆಯ ಹೆಂಗಸರಿಗೆ ಮಾರುತ್ತಿದ್ದಳು, ಒಂದೊಂದು ಫೋಟೋ ಹೋಗುವಷ್ಟರಲ್ಲಿ ಸೀರೆಯೇ ಹಳೆಯದಾಗುತ್ತಿತ್ತು. ಭಾವನ ಮನೆಯ ನೆಟ್ಟನ್ನು ಕೇಳಬಹುದಿತ್ತು. ಕೇಳಿದರೆ ಎಲ್ಲಿ ಕೊಟ್ಟುಬಿಡುತ್ತಾರೋ ಎಂಬ ಹೆದರಿಕೆಗೆ ಕೇಳಿರಲಿಲ್ಲ.

ಜಮಖಂಡಿಯಲ್ಲಿ ನೌಕರಿ ಮಾಡುವ ಮಗಳು ಕಸ್ತೂರಿ ನನಗೊಂದು ಫೋನು ಕೊಟ್ಟಿದ್ದಳು, ದಿನಾ ಮುಖ ನೋಡಿ ಮಾತಾಡಲು. ಹಿಂದಿನ ಅಡುಗೆಮನೆಯಲ್ಲಿ ಕುಳಿತರೆ ನನ್ನ ಮುಖ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತಿತ್ತಂತೆ. "ಅವ್ವಾ, ನಿನ್ನ ನೋಡಿ ನನ್ನ ಜೋಡಿ ಕೆಲಸ ಮಾಡವ್ರು ಅಂಜಾಕತ್ತಾರ" ಎಂದು ಅವಳು ಒಂದು ಭಾನುವಾರ ಎರಡು ಬಿಳಿ ಪೆಟ್ಟಿಗೆ ತಂದಳು. ಒಂದನ್ನು ಮುಂದಿನ ಕೋಣೆಯಲ್ಲಿ ನೆಟ್ಟಿನ ಪಕ್ಕದ ಪ್ಲಗ್ಗಿಗೆ ಹಾಕಿದಳು, ಇನ್ನೊಂದನ್ನು ಅಡುಗೆಮನೆಯ ಪ್ಲಗ್ಗಿಗೆ. ಕರೆಂಟಿನ ತಂತಿಯೊಳಗೇ ನೆಟ್ಟು ಹರಿದು ಬರುತ್ತದೆ ಎಂದಳು.

"ತಂತಿಯೊಳಗ ಕರೆಂಟ್ ಇರತೈತಿ. ಮತ್ತ ನೆಟ್ ಎಲ್ಲಿ ಹಿಡಸ್ತೈತಿ ಬೇ?" ಎಂದೆ.

"ಮಹಾಲಿಂಗಪುರ ಬಸ್ಸಿನ್ಯಾಗ ಮಂದಿ ಜೋಡಿ ಬೆಲ್ಲದ ಪೆಂಟಿನೂ ಬರೂದಿಲ್ಲೇನ? ಹಂಗ."

ಇಷ್ಟು ಚೊಕ್ಕವಾಗಿ ನನಗೆ ಯಾರೂ ಏನನ್ನೂ ತಿಳಿಸಿರಲಿಲ್ಲ. ಪೆಟ್ಟಿಗೆಯಲ್ಲಿ ನೀಲಿ ದೀಪ ಹೊತ್ತಿತು. ಕಸ್ತೂರಿ ಪಡಸಾಲೆಗೆ ಬಂದು, ಅತ್ತಿಗೆಯರಿಬ್ಬರಿಗೂ ಕೇಳುವಂತೆ, "ಈ ಪೆಟಗಿ ಅವ್ವಂದು. ಅವ್ವ ಎಲ್ಲಿರತಾಳ, ಇದೂ ಅಲ್ಲೇ" ಎಂದು ಹೇಳಿ ಬಸ್ಸು ಹತ್ತಿದಳು. ಹೆತ್ತ ಮಗಳು ಎಂದರೆ ಅದು. ಅವಳಿಗೇ ಗೊತ್ತಿಲ್ಲದೆ ನನ್ನ ಕೈಗೆ ರಾಜ್ಯ ಕೊಟ್ಟು ಹೋದಳು.

ಆ ತಿಂಗಳು ನಾನು ಸಾವಿತ್ರಿಯ ಮನೆಯಲ್ಲಿದ್ದೆ. ಅಡುಗೆಮನೆಯಲ್ಲಿ ಅವಳ ಧಾರಾವಾಹಿ ನಡೆಯತೊಡಗಿತು. ಅಮಾವಾಸ್ಯೆ ಬಂತು. ಮಲ್ಲಪ್ಪ ಟ್ರಂಕು ಎತ್ತಿದ, ನಾನು ಕೌದಿ ಮಡಚಿದೆ, ಆಮೇಲೆ ಪ್ಲಗ್ಗಿನಿಂದ ಪೆಟ್ಟಿಗೆ ಕಿತ್ತು ಸಂಚಿಗೆ ಹಾಕಿಕೊಂಡೆ. ಸಾವಿತ್ರಿಯ ಮುಖ ನೋಡಬೇಕಿತ್ತು. "ಅತ್ತೀ... ಇವತ್ತ ಅಮಾಸಿ ಹತ್ತೋದು ತಡಾ ಐತ್ರಿ. ನಾಳೆ ಹೋದ್ರ ಆಗೂದಿಲ್ಲೇನ್ರಿ?" ಎಂದಳು. ಅಷ್ಟು ವರ್ಷದಲ್ಲಿ ನನ್ನನ್ನು ನಿಲ್ಲಿಸಿಕೊಳ್ಳಲು ಅಮಾವಾಸ್ಯೆಯನ್ನು ಹಿಂದಕ್ಕೆ ತಳ್ಳಿದ್ದು ಅದೇ ಮೊದಲು. ಮಲ್ಲಪ್ಪ ಕೊಂಕು ತೆಗೆದ. "ಬಿಲ್ ನಾ ತುಂಬಾಂವ, ನೆಟ್ ಆ ಕಡೆ ಹೊಂಟೈತೇನ ಅವ್ವಾ?" ವ್ಯಾಪಾರಿಗಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ತಾಯಿ ಮುಖಾ ಮಗಳು ನೋಡಬಾರದೇನ ಲೇ?" ವ್ಯಾಪಾರಿಗಳು ತಲೆಯೆತ್ತಿದರು, ಅವನು ಟ್ರಂಕು ಹೊತ್ತು ನಡೆದ.

ರೇಖಾ ನನ್ನನ್ನು ಬಾಗಿಲಲ್ಲೇ ಕೈಹಿಡಿದು ಕರೆದುಕೊಂಡಳು. ಕೈ ಹಿಡಿದದ್ದು ಸಂಚಿ ಇದ್ದ ಕಡೆಯಿಂದ. ಪೆಟ್ಟಿಗೆಯನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಲು ಹೋದಳು. "ಅಲ್ಲಿ ಬ್ಯಾಡ, ಗ್ವಾಡಿ ಪ್ಲಗ್ಗಿಗೆ ಹಾಕು" ಎಂದು ನಾನೇ ಹೇಳಿಕೊಟ್ಟೆ. ನೀಲಿ ದೀಪ ಹೊತ್ತಿತು. ಅಂದು ಮಧ್ಯಾಹ್ನ ರೊಟ್ಟಿ ಹಂಚಿನಿಂದ ನೇರ ನನ್ನ ತಾಟಿಗೆ ಬಂತು.

ಅಲ್ಲಿಂದ ಸುಖ ಶುರುವಾಯಿತು. ರೊಟ್ಟಿ ಆರಿದ ದಿನ ನನ್ನ ಕೈ ತಾನಾಗಿಯೇ ಪ್ಲಗ್ಗಿನ ಕಡೆ ಹೋಗುತ್ತಿತ್ತು. "ಪೆಟಗಿ ಕಾದೈತಿ ಬೇ, ಸುಟ್ಟಗಿಟ್ಟೀತು. ತಣ್ಣಗಾಗ್ಲಿ" ಎಂದು ಕಿತ್ತು ಸಂಚಿಯಲ್ಲಿಟ್ಟುಕೊಂಡು ಮಲಗುತ್ತಿದ್ದೆ. ಬಿಸಿ ರೊಟ್ಟಿಯ ವಾಸನೆ ಬಂದಾಗ ಪೆಟ್ಟಿಗೆ ತಣ್ಣಗಾಗುತ್ತಿತ್ತು. ಎಣ್ಣೆಗಾಯಿ ಬೇಕೆನಿಸಿದಾಗಲೂ ಅದಕ್ಕೆ ಕಾವು ಬರುತ್ತಿತ್ತು. ಆ ಪೆಟ್ಟಿಗೆಯ ಆರೋಗ್ಯ ಬಹಳ ನಾಜೂಕಿನದು.

ಈ ನಡುವೆ ಸೊಸೆಯರು ತಮ್ಮೊಳಗೇ ಯುದ್ಧ ಹೂಡಿದರು. ನಾನು ರೇಖಾಳ ಕಡೆ ಇದ್ದಾಗ ಸಾವಿತ್ರಿ ಒಮ್ಮೆ ಮುಂದಿನ ಕೋಣೆಯ ಪೆಟ್ಟಿಗೆ ಕಿತ್ತಿಟ್ಟಳು. ಕಸ್ತೂರಿಯ ಮುಖ ಕಾಣದಾಯಿತೆಂದು ನಾನು ವ್ಯಾಪಾರಿಗಳ ನಡುವೆ ಹೋಗಿ ಕುಳಿತು ನಿಟ್ಟುಸಿರು ಬಿಟ್ಟೆ, ಮಲ್ಲಪ್ಪನೇ ಓಡಿಹೋಗಿ ಮತ್ತೆ ಹಾಕಿದ. ಆಮೇಲೆ ಅವಳು ಮಿಕ್ಸರ್ ಹಿಡಿದಳು. ಮಿಕ್ಸರ್ ಚಾಲೂ ಆದರೆ ತಂತಿಯೊಳಗಿನ ನೆಟ್ಟು ತೊದಲುತ್ತದೆ ಎಂಬುದನ್ನು ಹೇಗೋ ಕಂಡುಹಿಡಿದಿದ್ದಳು. "ನೋಡ್ರಿ ಅತ್ತಿ, ಸೀರಿ ಹೋಗವಲ್ದು, ಬರೇ ಚಕ್ರ ತಿರಗಾಕತ್ತೈತಿ" ಎಂದು ರೇಖಾ ಫೋನು ತೋರಿಸುತ್ತಿದ್ದಳು. ಗೋಡೆಯಾಚೆ ಮಿಕ್ಸರ್ ಗರಗರ. ಒಂದು ಮನೆ ಅಷ್ಟು ಶೇಂಗಾಚಟ್ನಿ ತಿನ್ನುವುದಿಲ್ಲ. ಮಗ್ಗದ ಸದ್ದಿನಲ್ಲೇ ಮುದುಕಿಯಾದವಳು ನಾನು, ಯಂತ್ರ ಖಾಲಿ ತಿರುಗುತ್ತಿದೆಯೋ ಕೆಲಸ ಮಾಡುತ್ತಿದೆಯೋ ಎಂದು ನನಗೆ ಹೇಳಿಕೊಡಬೇಕಿಲ್ಲ. ಸಾವಿತ್ರಿಯ ಪಾಳಿಯಲ್ಲಿ ರೇಖಾ ನೀರೆತ್ತುವ ಮೋಟರು ಹಾಕಿ ಲೆಕ್ಕ ತೀರಿಸುತ್ತಿದ್ದಳು. ಎರಡೂ ನನಗೆ ಗೊತ್ತಿತ್ತು. ಬಿಡಿಸಲು ಹೋಗಲಿಲ್ಲ. ಅವರು ಜಗಳಾಡಿದಷ್ಟೂ ನನ್ನ ರೊಟ್ಟಿ ಬಿಸಿಯಾಗಿರುತ್ತಿತ್ತು.

ಒಂದು ಮಧ್ಯಾಹ್ನ, ನಾನು ರೇಖಾಳ ಮನೆಯಲ್ಲಿ ಅಡ್ಡಾಗಿದ್ದಾಗ, ಖಾಲಿ ತಿರುಗಿ ತಿರುಗಿ ಸಾವಿತ್ರಿಯ ಮಿಕ್ಸರ್ ಸುಟ್ಟಿತು. ಫ್ಯೂಸು ಹೋಯಿತು. ಮೀಟರು ಒಂದೇ ಆದ್ದರಿಂದ ಎರಡೂ ಮನೆಯ ಫ್ಯಾನು ನಿಂತವು. ಇಬ್ಬರೂ ಪಡಸಾಲೆಯ ಮೀಟರ್ ಬೋರ್ಡಿನ ಕೆಳಗೆ ಬಂದು ನಿಂತರು. ನಾನು ಒಳಗೆ ಕಣ್ಣು ಮುಚ್ಚಿ, ಕಿವಿ ತೆರೆದುಕೊಂಡಿದ್ದೆ.

"ಏನ ಸುಟ್ಟತು ಅಕ್ಕಾ?" ರೇಖಾಳೇ ಮೊದಲು ಬಾಯಿಬಿಟ್ಟಳು.

"ಮಿಕ್ಸರ್."

"ಏನ ಅರಿಯಾಕತ್ತಿದ್ದಿ?"

ಸಾವಿತ್ರಿ, "ನಿನ್ನ ಸೀರಿ" ಎಂದಳು.

ಮೊದಲು ಒಬ್ಬಳು ನಕ್ಕಳು, ಆಮೇಲೆ ಇನ್ನೊಬ್ಬಳು. ಅಲ್ಲಿಗೆ ನನಗೆ ಹೆದರಿಕೆಯಾಯಿತು. "ನಾನೂ ಟಾಕಿ ತುಂಬಿ ಹರದ್ರೂ ಮೋಟರ್ ಬಂದ್ ಮಾಡತಿರಲಿಲ್ಲ ಅಕ್ಕಾ" ಎಂದು ರೇಖಾ ಒಪ್ಪಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಅಲ್ಲಕ್ಕಾ, ಪೆಟಗಿ ಕಾದೈತಿ ಅಂತ ಅತ್ತಿ ನಿನ್ನ ಮುಂದೂ ಅಂತಾರೇನ?"

"ವಾರಕ್ಕ ಮೂರ ಸಲ."

"ರೊಟ್ಟಿ ಆರಿದ ದಿನಾನ?"

ಸಾವಿತ್ರಿ, "ಹೌದs ಯವ್ವಾ!" ಎಂದಳು.

ಕಸ್ತೂರಿಗೆ ಫೋನು ಹೋಯಿತು. ಅದೇ ತಂತಿಗೆ ಇನ್ನೊಂದು ಪೆಟ್ಟಿಗೆಯನ್ನೂ ಕೂಡಿಸಬಹುದು ಎಂದು ಅವಳು ಸಂತೋಷದಿಂದ ಹೇಳಿದಳು. ಹೆತ್ತ ಮಗಳು ಎಂದರೆ ಅದು. ರೇಖಾಳ ಮನೆಗೆ ಹೊಸ ಪೆಟ್ಟಿಗೆ ಬಂತು. ನನ್ನದನ್ನು ಸಾವಿತ್ರಿ ಬಹಳ ಮರ್ಯಾದೆಯಿಂದ ಕೇಳಿ ಇಸಿದುಕೊಂಡಳು. "ಘಳಿಗಿಗೊಮ್ಮೆ ಕೀಳೂದು ಹಾಕೂದು ನಿಮಗ್ಯಾಕ್ರಿ ತ್ರಾಸ ಅತ್ತಿ?" ಸಂಚಿಯಲ್ಲಿ ಎಲೆಯಡಿಕೆ ಮಾತ್ರ ಉಳಿಯಿತು. ಬುಟ್ಟಿಯಲ್ಲಿ ಕಟಕ ರೊಟ್ಟಿ ಮತ್ತೆ ಏರಿತು. ಈಗ ಇಬ್ಬರೂ ಕೂಡಿಯೇ ಬಡಿಯುತ್ತಿದ್ದರು, ಹದಿನೈದು ದಿನದ್ದು ಒಮ್ಮೆಗೇ.

ಮುಂದಿನ ಅಮಾವಾಸ್ಯೆ ಬಂತು. ನಾನು ಪಡಸಾಲೆಯಲ್ಲಿ ಟ್ರಂಕಿನ ಮೇಲೆ ಕುಳಿತಿದ್ದೆ. "ನಿನ್ನ ಕಡೆ ಇರಲೆವಾ", "ಇಲ್ಲಕ್ಕಾ, ನಿನ್ನ ಕಡೆನ ಇರ್ಲಿ" ಎಂದು ಇಬ್ಬರೂ ಅಕ್ಕತಂಗಿಯರಂತೆ ಒಬ್ಬರಿಗೊಬ್ಬರು ನನ್ನನ್ನು ಬಿಟ್ಟುಕೊಡುತ್ತಿದ್ದರು. ನಾನು ತಲೆಯೆತ್ತಿ ನೋಡಿದೆ. ನೆತ್ತಿಯ ಮೇಲೆ ಮೀಟರ್ ಬೋರ್ಡು. ಅದರಲ್ಲಿ ಎರಡೂ ಮನೆಗೆ ಸೇರಿ ಇರುವ ಒಂದೇ ಒಂದು ಮೇನ್ ಸ್ವಿಚ್ಚು.

"ನಾ ಎಲ್ಲೂ ಹೋಗಂಗಿಲ್ಲ. ನನ್ನ ಮಂಚ ಇಲ್ಲೇ ಹಾಕ್ರಿ. ಗಾಳಿ ಛಲೋ ಬರತೈತಿ" ಎಂದೆ.

ಸಾವಿತ್ರಿ ಮೇಲೆ ನೋಡಿದಳು. ರೇಖಾ ಮೇಲೆ ನೋಡಿದಳು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಮರುದಿನ ಮಧ್ಯಾಹ್ನ ಎಡಗಡೆಯ ಬಾಗಿಲಿಂದ ಬಿಸಿ ರೊಟ್ಟಿ ಬಂತು, ಬಲಗಡೆಯ ಬಾಗಿಲಿಂದ ಬದನೆಕಾಯಿ ಎಣ್ಣೆಗಾಯಿ.

ಅಂದಿನಿಂದ ಪಡಸಾಲೆಯೇ ನನ್ನ ಮನೆ. ನಿನ್ನೆ ಇಬ್ಬರೂ ಕೂಡಿ ಸಂತೆಗೆ ಹೋದಾಗ ಮೆಲ್ಲಗೆ ಮಂಚದ ಮೇಲೆ ಹತ್ತಿ ನಿಂತು, ತುದಿಗಾಲಲ್ಲಿ ಏರಿ, ಕೈ ಚಾಚಿ ನೋಡಿದೆ. ಸ್ವಿಚ್ಚು ಎಟುಕಲಿಲ್ಲ. ಮೊಳದಷ್ಟು ಕಡಿಮೆ ಬಿತ್ತು. ಇಳಿಯುವಾಗ ಸೊಂಟ ಉಳುಕಿತು. ಏನಾಯಿತೆಂದು ಕೇಳಿದ ಸೊಸೆಯರಿಗೆ, ಸ್ವಿಚ್ಚಿನ ಮೇಲೆ ಜೇಡ ಬಲೆ ಕಟ್ಟಿತ್ತು, ಒರೆಸಿದೆ ಎಂದು ಹೇಳಿದ್ದೇನೆ. ಇಂದು ರೊಟ್ಟಿಯ ಮೇಲೆ ಬೆಣ್ಣೆಯೂ ಇತ್ತು.