ಐಸ್ ಹಾಕಿಗೆ ಜಾರಿ ಬಿದ್ದವರು

ಟೆಕ್ಸಸ್ಸಿನಲ್ಲಿರುವ ನಮ್ಮವರಿಗೆ ಎರಡು ವರ್ಷಕ್ಕೊಂದು ಹೊಸ ಹುಚ್ಚು ಹಿಡಿಯದಿದ್ದರೆ ತಿಂದ ಅನ್ನ ಅರಗುವುದಿಲ್ಲ. ಒಮ್ಮೆ ಮನೆಯಲ್ಲೇ ಬ್ರೆಡ್ ಮಾಡುವ ಹುಚ್ಚು, ಒಮ್ಮೆ ಹಿತ್ತಲಲ್ಲಿ ಕೋಳಿ ಸಾಕುವ ಹುಚ್ಚು, ಒಮ್ಮೆ ಪಿಕಲ್‌ಬಾಲ್ ಎಂಬ ಚೆಂಡಾಟದ ಹುಚ್ಚು. ಈಗ ಐಸ್ ಹಾಕಿ. ಅದೂ ದೊಡ್ಡ ಲೀಗಿನದಲ್ಲ, ಮೈನರ್ ಲೀಗಿನದು. ಅಂದರೆ, ದೊಡ್ಡ ತಂಡದಿಂದ ಯಾವಾಗ ಕರೆ ಬರುತ್ತದೋ ಎಂದು ವೇಟಿಂಗ್ ಲಿಸ್ಟಿನಲ್ಲಿರುವ ಹುಡುಗರು ಊರಾಚೆಯ ಸ್ಟೇಡಿಯಂ ಒಂದರಲ್ಲಿ ಜಾರುತ್ತಾ, ಬೀಳುತ್ತಾ, ಕಪ್ಪು ರಬ್ಬರ್ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟಾಡಿಸುವುದು. ಆ ಬಿಲ್ಲೆಗೆ ಪಕ್ ಅನ್ನುತ್ತಾರೆ. ಅಕ್ಟೋಬರಿನಲ್ಲೂ ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ಊರಿನಲ್ಲಿ ಐಸ್ ಹಾಸಿಕೊಂಡು ಆಡುವ ಆಟ!

ನಾನು ಆಸ್ಟಿನ್ನಿನಲ್ಲಿ ಹಲ್ಲಿನ ಡಾಕ್ಟರು. ಜನ ನನ್ನ ಮುಂದೆ ಬಾಯಿ ತೆರೆದು ಮಲಗುತ್ತಾರೆ, ಬಾಯಿಗೆ ಹಾಕಿದ ಹತ್ತಿ ತೆಗೆದ ಕೂಡಲೇ ಹಾಕಿ ಪುರಾಣ ಶುರು ಮಾಡುತ್ತಾರೆ. "ನಿಮಗೆ ಈ ಆಟ ಹೇಗೆ ಪರಿಚಯವಾಯಿತು?" ಎಂದು ಕೇಳಿದರೆ ಪ್ರತಿಯೊಬ್ಬರೂ ಜ್ಞಾನೋದಯವಾದವರ ಹಾಗೆ ಮುಖ ಮಾಡುತ್ತಾರೆ. ನಿಜವಾಗಿ ಏನಾಯಿತು ಅನ್ನುವುದು ನನಗೆ ಗೊತ್ತು.

ಪೆಟ್ಟಾಯ್ತಾ?

ಆಸ್ಟಿನ್ನಿನ ನಮ್ಮ ಬಳಗದಲ್ಲಿ ಮೊದಲು ಬಿದ್ದವರು ನಮ್ಮ ಮನೆಯವರೇ. ಅವರಿಗೆ ಪಕ್ಕದ ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ. ಒಂದು ವಾರ ಮ್ಯಾನೇಜರು ಇಡೀ ಟೀಮಿಗೆ ಹಾಕಿ ಮ್ಯಾಚಿನ ಟಿಕೆಟ್ ಹಂಚಿದರು.

"ಹಾಕಿ ಕಣೇ! ಕಾಲೇಜಲ್ಲಿ ನಾನು ರೈಟ್ ಔಟ್ ಆಡ್ತಿದ್ದೆ," ಎಂದು ಮನೆಗೆ ಬಂದು ಎದೆ ಉಬ್ಬಿಸಿದರು. ರೈಟ್ ಔಟ್ ಆಡುವವನಿಗೆ ಜ್ವರ ಬಂದ ದಿನ ಮಾತ್ರ ಇವರು ಆಡುತ್ತಿದ್ದರು, ಮತ್ತು ಅವನು ಬಹಳ ಆರೋಗ್ಯವಂತ ಎಂದು ಅತ್ತೆ ನನಗೆ ಎಂದೋ ಹೇಳಿದ್ದರು.

ಶನಿವಾರ ಮಧ್ಯಾಹ್ನ ಇವರು ಹೊರಟ ಚಂದ ನೋಡಬೇಕಿತ್ತು. ಅರ್ಧ ತೋಳಿನ ಶರ್ಟು, ಕಾಲಿಗೆ ಚಪ್ಪಲಿ, ತಲೆಗೆ ಅಗಲವಾದ ಟೋಪಿ, ಮುಖಕ್ಕೆಲ್ಲ ಬಿಳಿಯಾಗಿ ಸನ್‌ಸ್ಕ್ರೀನು. "ಗ್ರೌಂಡಲ್ಲಿ ನೆರಳಿರುತ್ತೋ ಇಲ್ವೋ," ಅಂದರು.

ಮುಂದಿನದನ್ನು ಇವರು ಹೇಳಲಿಲ್ಲ. ಜೊತೆಗೆ ಹೋಗಿದ್ದ ಸಹೋದ್ಯೋಗಿಯೊಬ್ಬ ನನಗೆ ಹೇಳಿದ. ಇವರ ಸೀಟು ಮೊದಲ ಸಾಲಿನಲ್ಲಿ, ಗಾಜಿನ ಗೋಡೆಗೆ ಮೂಗು ತಾಗುವಷ್ಟು ಹತ್ತಿರ. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದರೂ ಟೋಪಿ ಸರಿಮಾಡಿಕೊಂಡು ಗಂಭೀರವಾಗಿ ಕುಳಿತಿದ್ದರಂತೆ. ಐದು ನಿಮಿಷ ಆಗಿಲ್ಲ, ದೈತ್ಯನಂಥ ಆಟಗಾರನೊಬ್ಬ ಇನ್ನೊಬ್ಬನನ್ನು ಇವರ ಮುಂದಿನ ಗಾಜಿಗೇ ಧಡಾರ್ ಎಂದು ಅಪ್ಪಳಿಸಿದ. ಬಿದ್ದವನ ಕೆನ್ನೆ ಗಾಜಿನ ಮೇಲೆ ದೋಸೆಯ ಹಾಗೆ ಹರಡಿಕೊಂಡಿತು. ಸುತ್ತಲಿನವರೆಲ್ಲ ಎದ್ದು ಕೇಕೆ ಹಾಕಿದರು. ನಮ್ಮ ಮನೆಯವರೂ ಎದ್ದರು. ಎದ್ದು, ಎರಡೂ ಕೈ ಎದೆಯ ಹತ್ತಿರ ಹಿಡಿದು, "ಸಾರಿ, ಸಾರಿ! ಪೆಟ್ಟಾಯ್ತಾ?" ಅಂದರಂತೆ. ತಾವು ಅಲ್ಲಿ ಅಡ್ಡ ಕುಳಿತದ್ದರಿಂದಲೇ ಹೀಗಾಯಿತೇನೋ ಎಂಬ ಧ್ವನಿಯಲ್ಲಿ.

ಆ ಆಟಗಾರ ಗಾಜಿನಿಂದ ಮುಖ ಕಿತ್ತುಕೊಂಡು, ಇವರತ್ತ ಕಣ್ಣು ಹೊಡೆದು ಹೋದ. ಅಷ್ಟೇ. ಆ ಸಂಜೆ ಮನೆಗೆ ಬಂದ ಮನುಷ್ಯ ಬೇರೆಯೇ ಆಗಿದ್ದ. ಮೈಮೇಲೆ ಆ ಆಟಗಾರನ ನಂಬರಿನ ಜೆರ್ಸಿ, ಬಾಯಲ್ಲಿ ಅವನದೇ ಜಪ. "ಪಾಪ, ಎಷ್ಟು ಪೆಟ್ಟಾಯ್ತೋ, ಆದ್ರೂ ನಗ್ತಾ ಹೋದ ಕಣೇ," ಎಂದು ಊಟದ ತಟ್ಟೆಯ ಮುಂದೆ ಕಣ್ಣಲ್ಲಿ ನೀರು ತಂದುಕೊಂಡರು.

ಹಿಂದಿನ ತಿಂಗಳಷ್ಟೇ ನಾನು ಗ್ಯಾರೇಜಿನ ಏಣಿಯಿಂದ ಕೆಳಗೆ ಬಿದ್ದಿದ್ದೆ. ಆಗ ಇವರು ಕೇಳಿದ್ದು, "ಬಲ್ಬ್ ಒಡೀತಾ?"

ಡಲ್ಲಾಸಿನ ಪಂಡಿತರು

ಡಲ್ಲಾಸಿನ ಉತ್ತರಕ್ಕಿರುವ ಬಡಾವಣೆಯಲ್ಲಿ ನಮ್ಮ ಮನೆಯವರ ಹಳೆಯ ಸ್ನೇಹಿತರೊಬ್ಬರಿದ್ದಾರೆ. ಸಾಫ್ಟ್‌ವೇರಿನವರು. ಜಗತ್ತಿನಲ್ಲಿ ಅವರಿಗೆ ಗೊತ್ತಿಲ್ಲದ ವಿಷಯವಿಲ್ಲ, ವಿವರಿಸದ ವಿಷಯವಂತೂ ಇಲ್ಲವೇ ಇಲ್ಲ. ಅವರ ಮನೆಗೆ ಹೋದರೆ ಕುಡಿಯುವ ನೀರಿಗೂ ಮುನ್ನುಡಿ ಇರುತ್ತದೆ.

ನಮ್ಮವರಿಗೆ ಹಾಕಿ ಹಿಡಿದ ಸುದ್ದಿ ಅವರಿಗೆ ತಲುಪಿತು. ಕೂಡಲೇ ಫೋನು. "ನೀನು ಈಗ ನೋಡೋಕೆ ಶುರು ಮಾಡಿದ್ದೀಯ. ನಾನು ಒಂದು ಇಡೀ ಸೀಸನ್ ಮುಗಿಸಿದ್ದೀನಿ. ದೊಡ್ಡ ಲೀಗು ಯಾರು ಬೇಕಾದ್ರೂ ನೋಡ್ತಾರಪ್ಪ. ನಿಜವಾದ ರಸಿಕ ನೋಡೋದು ಮೈನರ್ ಲೀಗು. ಇಬ್ಬರೂ ಬನ್ನಿ ಇಲ್ಲಿಗೆ, ಕಲಿಸಿಕೊಡ್ತೀನಿ."

ಹೋದೆವು. ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು. ಸ್ಟೇಡಿಯಂನಲ್ಲಿ ಪಂಡಿತರು ನಮ್ಮಿಬ್ಬರ ಮಧ್ಯೆ ಕುಳಿತು ಪಾಠ ಶುರು ಮಾಡಿದರು. ಹಿಂದಿನ ಸಾಲಿನಲ್ಲಿ ಒಬ್ಬ ಬಿಳಿಯ ಅಜ್ಜಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಪಂಡಿತರ ಹೆಂಡತಿ ನನ್ನ ಕಿವಿಯಲ್ಲಿ, "ಇವರಿಗೆ ಎಲ್ಲ ಗೊತ್ತು," ಎಂದು ಹೆಮ್ಮೆಯಿಂದ ಪಿಸುಗುಟ್ಟಿದರು. ಪಾಪ ಅನ್ನಿಸಿತು.

ಆಟ ಸ್ವಲ್ಪ ಹೊತ್ತು ನಡೆದು ನಿಂತಿತು. ಆಟಗಾರರೆಲ್ಲ ಒಳಗೆ ಹೋದರು. ಐಸ್ ಉಜ್ಜುವ ದೊಡ್ಡ ಗಾಡಿ ಬಂತು. "ಹಾಫ್ ಟೈಮ್," ಅಂದರು ಪಂಡಿತರು. ಪಾಪ್‌ಕಾರ್ನ್ ತಿಂದೆವು. ಮತ್ತೆ ಆಟ, ಮತ್ತೆ ಎಲ್ಲರೂ ಒಳಗೆ, ಮತ್ತೆ ಗಾಡಿ. ಪಂಡಿತರು ಎದ್ದು ನಿಂತು ಕೋಟು ಹಾಕಿಕೊಳ್ಳತೊಡಗಿದರು.

"ಮುಗೀತು, ನಡೀರಿ. ಒಂದೊಂದು ಗೋಲು, ಮ್ಯಾಚ್ ಡ್ರಾ. ಈಗ ನಾಳೆಗೆ ಅಂತ ಐಸ್ ಕ್ಲೀನ್ ಮಾಡ್ತಾರೆ. ಬೇಗ ಹೊರಟರೆ ಪಾರ್ಕಿಂಗಲ್ಲಿ ಒಂದು ಕಾರೂ ಅಡ್ಡ ಬರಲ್ಲ. ಇದೂ ಒಂದು ಟೆಕ್ನಿಕ್ಕು."

"ನಾವು ಯಾವಾಗಲೂ ಎಲ್ಲರಿಗಿಂತ ಮುಂಚೆ ಮನೆಗೆ ತಲುಪ್ತೀವಿ," ಅಂದರು ಹೆಂಡತಿ.

ಹಿಂದಿನ ಅಜ್ಜಿ ಹೆಣಿಗೆ ಕಡ್ಡಿ ಕೆಳಗಿಟ್ಟರು. ಬಹಳ ಮೃದುವಾಗಿ ಇಂಗ್ಲಿಷಿನಲ್ಲಿ ಹೇಳಿದರು: "ಮಗನೇ, ಹೋದ ಸೀಸನ್ ಪೂರ್ತಿ ನಿನ್ನನ್ನು ನೋಡಿದ್ದೇನೆ. ಪಾಪ, ಮನೆಯಲ್ಲಿ ಯಾರಿಗೋ ಕಾಯಿಲೆ, ಅದಕ್ಕೇ ಪ್ರತಿ ಸಲ ಓಡುತ್ತಾನೆ ಅಂದುಕೊಂಡಿದ್ದೆ. ಈ ಆಟಕ್ಕೆ ಮೂರು ಭಾಗ."

ಪಂಡಿತರು ಕೋಟಿನ ಒಂದು ತೋಳು ಹಾಕಿಕೊಂಡು, ಇನ್ನೊಂದು ಹಾಕಿಕೊಳ್ಳದೆ ನಿಂತರು. ಇಡೀ ಸೀಸನ್ ತಮ್ಮೂರಿನ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರತಿ ಮ್ಯಾಚಿನ ಫಲಿತಾಂಶ, ವಿಶ್ಲೇಷಣೆ ಬರೆದು ಹಾಕಿದ ಮನುಷ್ಯ ಒಂದೇ ಒಂದು ಮ್ಯಾಚ್ ಮುಗಿದದ್ದನ್ನು ನೋಡಿರಲಿಲ್ಲ.

ಆಮೇಲೆ ಮೆಲ್ಲಗೆ ಕುಳಿತು ನಮ್ಮ ಕಡೆ ತಿರುಗಿ ಹೇಳಿದರು: "ರೂಲ್ಸ್ ಬದಲಾಯಿಸಿದ್ದಾರೆ. ನನಗೆ ಈಮೇಲ್ ಬಂದಿತ್ತು, ನೋಡಿರಲಿಲ್ಲ."

ಹುತಾತ್ಮ ಹಲ್ಲು

ಇದು ನನ್ನ ಕ್ಲಿನಿಕ್ಕಿನಲ್ಲಿ ಆದದ್ದು. ಹೆಸರು ಹೇಳುವಂತಿಲ್ಲ. ಹೇಳಬೇಕಾಗಿಯೂ ಇಲ್ಲ, ಅವನೇ ಆಸ್ಟಿನ್ ತುಂಬ ಹೇಳಿಕೊಂಡು ತಿರುಗಿದ್ದಾನೆ.

ಬೆಂಗಳೂರಿನ ತರುಣ, ಕೋಡ್ ಬರೆಯುವವನು. ಆಫೀಸಿನ ಹುಡುಗಿಯೊಬ್ಬಳು ಹಾಕಿ ಅಭಿಮಾನಿ ಎಂದು ಗೊತ್ತಾದ ಮರುದಿನವೇ ಇವನೂ ಹುಟ್ಟು ಅಭಿಮಾನಿಯಾಗಿದ್ದ. ಒಂದು ಸೋಮವಾರ ಮುಂದಿನ ಹಲ್ಲು ಅರ್ಧ ಮುರಿದುಕೊಂಡು ಬಂದು ನನ್ನ ಕುರ್ಚಿಯಲ್ಲಿ ಮಲಗಿದ. ಜೊತೆಗೆ ಊರಿನಿಂದ ಬಂದಿದ್ದ ಅವನ ತಾಯಿ.

"ಏನಪ್ಪಾ ಆಯ್ತು?"

"ಪಕ್ ಹೊಡೀತು ಆಂಟಿ. ಮ್ಯಾಚಲ್ಲಿ ಗಾಜು ದಾಟಿ ಬಂತು. ಪಕ್ಕದಲ್ಲಿ ಕೂತಿದ್ದವಳಿಗೆ ತಗಲಬಾರ್ದು ಅಂತ ನಾನೇ ಮುಖ ಅಡ್ಡ ಕೊಟ್ಟೆ." ಮುರಿದ ಹಲ್ಲಿನಿಂದ ಪ್ರತಿ ಮಾತಿಗೂ ಸುಯ್ ಎಂದು ಸಿಳ್ಳೆ ಬರುತ್ತಿತ್ತು. "ಕ್ಯಾಪ್ ಹಾಕಬೇಡಿ ಆಂಟಿ. ನೋವು ಮಾತ್ರ ಹೋಗೋ ಹಾಗೆ ಮಾಡಿ. ಹಾಕಿ ಆಟಗಾರರಿಗೆಲ್ಲ ಹೀಗೇ ಇರುತ್ತೆ."

ನಾನು ಕನ್ನಡಿ ಹಿಡಿದು ಬಾಯೊಳಗೆ ನೋಡಿದೆ. ಪಕ್ ಹೊಡೆದರೆ ತುಟಿ ಹರಿಯಬೇಕು, ಒಸಡು ಊದಬೇಕು. ಇವನ ತುಟಿ ಗುಲಾಬಿ ಎಸಳಿನ ಹಾಗಿತ್ತು. ಹಲ್ಲಿನ ಸಂದಿಯಲ್ಲಿ ಮಾತ್ರ ಏನೋ ಸಿಕ್ಕಿಕೊಂಡಿತ್ತು. ಚಿಮಟದಲ್ಲಿ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟೆ. ಎಳ್ಳು.

"ಈ ಪಕ್ಕಿಗೆ ಎಳ್ಳು ಹಾಕಿದ್ರಾ?" ಎಂದು ತಾಯಿಯನ್ನು ಕೇಳಿದೆ.

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ನೋಡಿದರು. ಕೊನೆಗೆ ತಡೆಯಲಾರದೆ ಹೇಳಿದರು: "ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಪಕ್ಕೇ ಹೊಡೀತು ಅಂತ ಬರ್ಕೊಳ್ಳಿ. ನನ್ನ ಕೋಡುಬಳೆ ಇಷ್ಟು ಗಟ್ಟಿ ಅಂತ ಕನ್ನಡ ಸಂಘದವರಿಗೆ ಗೊತ್ತಾದ್ರೆ ದೀಪಾವಳಿ ಆರ್ಡರ್ ಒಂದೂ ಬರಲ್ಲ."

ಗೊಂಬೆ ಮಳೆ

ಹ್ಯೂಸ್ಟನ್ನಿನ ಸೈಪ್ರೆಸ್ಸಿನಲ್ಲಿ ನನ್ನ ಅಕ್ಕನ ಮನೆ. ಭಾವ ಧಾರವಾಡದವರು, ನಿವೃತ್ತ ಹೃದಯದ ಡಾಕ್ಟರು. ಅವರ ಲೆಕ್ಕದಲ್ಲಿ ಹ್ಯೂಸ್ಟನ್ನಿನಲ್ಲಿ ಇಲ್ಲದ್ದು ಪ್ರಪಂಚದಲ್ಲೇ ಇಲ್ಲ. ಒಂದು ಭಾನುವಾರ ಅಲ್ಲಿನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಭಾರತೀಯರ ಪೇಟೆಯ ಹೋಟೆಲಿನಲ್ಲಿ ದೋಸೆ ತಿನ್ನುವಾಗ ನಮ್ಮ ಮನೆಯವರು, "ಭಾವ, ನಿಮ್ಮೂರಲ್ಲಿ ಹಾಕಿ ತಂಡ ಇಲ್ವಲ್ಲ," ಎಂದು ಚುಚ್ಚಿದರು.

"ಮೊದ್ಲ ಇತ್ತು, ಹೋತು," ಅಂದರು ಭಾವ. ದೋಸೆ ಅಲ್ಲಿಗೇ ಬಿಟ್ಟರು. "ನಡೀರಿ, ನಿಮ್ಮೂರಿಗೇ ಬಂದು ನೋಡ್ತೇನಿ, ಏನ್ ಅಂಥಾದ್ದದ ಅದರಾಗ."

ಹೇಳಿದಂತೆ ಮುಂದಿನ ತಿಂಗಳೇ ಬಂದರು. ಅಕ್ಕ ಮಂಡಿ ನೋವೆಂದು ಮನೆಯಲ್ಲೇ ಉಳಿದಳು. ಭಾವನ ಜೊತೆ ಬಂದದ್ದು ನಾಲ್ಕು ವರ್ಷದ ಮೊಮ್ಮಗಳು, ಮತ್ತು ಮೊಮ್ಮಗಳ ಜೊತೆ ಡುಮ್ಮಣ್ಣ. ಡುಮ್ಮಣ್ಣ ಬಟ್ಟೆಯ ಆನೆ. ಒಂದೇ ಕಿವಿ. ಅವನಿಲ್ಲದೆ ಆ ಮಗು ಉಣ್ಣುವುದಿಲ್ಲ, ಮಲಗುವುದಿಲ್ಲ, ಬಚ್ಚಲಿಗೂ ಹೋಗುವುದಿಲ್ಲ.

ಅತಿಥಿಗಳ ಮುಲಾಜಿಗೆ ನಾನೂ ಹೋದೆ. ನನ್ನ ತಿರಸ್ಕಾರ ಎಲ್ಲರಿಗೂ ಕಾಣಲಿ ಎಂದು ದಂತವೈದ್ಯರ ಮಾಸಿಕವೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋದೆ.

ಅಂದು ಮಧ್ಯಾಹ್ನದ ಮ್ಯಾಚಿಗೆ ಒಂದು ವಿಶೇಷವಿತ್ತು. ನಮ್ಮ ತಂಡ ಮೊದಲ ಗೋಲು ಹೊಡೆದ ಕೂಡಲೇ ಜನರೆಲ್ಲ ತಾವು ತಂದ ಮೆತ್ತನೆಯ ಗೊಂಬೆಗಳನ್ನು ಐಸಿನ ಮೇಲೆ ಎಸೆಯಬೇಕು. ಅವನ್ನೆಲ್ಲ ಆರಿಸಿ ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಕೊಡುತ್ತಾರೆ. ನಮ್ಮ ಮನೆಯವರು ಎರಡು ಕರಡಿ ತಂದಿದ್ದರು. ದೊಡ್ಡವರು ಗೊಂಬೆ ತಬ್ಬಿಕೊಂಡು ಕುಳಿತ ಆ ಸ್ಟೇಡಿಯಂ ನೋಡಿ ನಾನು ಪತ್ರಿಕೆಯ ಪುಟ ಸದ್ದಾಗುವ ಹಾಗೆ ತಿರುವಿದೆ.

ಸ್ವಲ್ಪ ಹೊತ್ತಿಗೆ ಮೊಮ್ಮಗಳಿಗೆ ಪಾಪ್‌ಕಾರ್ನ್ ಬೇಕಾಯಿತು. ಭಾವ ಕರೆದುಕೊಂಡು ಹೊರಟರು. ಅವಳು ಡುಮ್ಮಣ್ಣನನ್ನು ನನ್ನ ಮಡಿಲಲ್ಲಿ ಮಲಗಿಸಿ, ಬೆರಳು ತೋರಿಸಿ ಹೇಳಿದಳು: "ಚಿಕ್ಕಜ್ಜಿ, ಹೋಲ್ಡ್ ಹಿಮ್. ಡೋಂಟ್ ಡ್ರಾಪ್ ಹಿಮ್."

"ಆಯ್ತು ಪುಟ್ಟಿ," ಅಂದೆ.

ಅವರು ಅತ್ತ ಹೋದರು. ಇತ್ತ ಎದುರು ತಂಡದ ಗಡ್ಡದವನೊಬ್ಬ ನಮ್ಮ ಹುಡುಗನ ಬಾಯಿಗೆ ಕೋಲಿನಿಂದ ಬಿಟ್ಟ. ಸದ್ದು ನನಗೆ ಕೇಳಿಸಿತು. ಮೂವತ್ತು ವರ್ಷದಿಂದ ಹಲ್ಲು ನೋಡುತ್ತಿರುವವಳಿಗೆ ಮೇಲಿನ ಹಲ್ಲು ಹೋಯಿತೆಂದು ಹೇಳಲು ಎಕ್ಸ್‌ರೇ ಬೇಕೇ? ರೆಫ್ರಿ ಸುಮ್ಮನಿದ್ದ. "ಏಯ್! ಕಣ್ಣು ಕಾಣಲ್ವೇನೋ ನಿಂಗೆ?" ಎಂದು ಯಾರೋ ಕನ್ನಡದಲ್ಲಿ ಕೂಗಿದರು. ನೋಡಿದರೆ ನಾನೇ, ಎದ್ದು ನಿಂತಿದ್ದೆ. ಪತ್ರಿಕೆ ಸೀಟಿನ ಕೆಳಗೆಲ್ಲೋ ಬಿದ್ದಿತ್ತು.

ಆ ಹುಡುಗ ತುಟಿಯ ರಕ್ತ ಒರೆಸಿಕೊಂಡು, ಮತ್ತೆ ಪಕ್ಕಿನ ಹಿಂದೆ ಓಡಿ, ಮೂವರನ್ನು ತಪ್ಪಿಸಿ ಗೋಲು ಹೊಡೆದೇಬಿಟ್ಟ. ಸ್ಟೇಡಿಯಂ ಸಿಡಿಯಿತು. ನಾಲ್ಕೂ ಕಡೆಯಿಂದ ಕರಡಿ, ಮೊಲ, ಜಿರಾಫೆಗಳ ಮಳೆ. ನನ್ನ ಬಾಯಿಂದ ಯಾವ ಸದ್ದು ಬಂತೋ ಗೊತ್ತಿಲ್ಲ. ಬಲಗೈ ಮೇಲೆದ್ದದ್ದು ನೆನಪಿದೆ, ಕೈ ಹಗುರಾದದ್ದು ನೆನಪಿದೆ. ಡುಮ್ಮಣ್ಣ ಒಂದೇ ಕಿವಿ ಬೀಸಿಕೊಂಡು, ಗಾಜಿನ ಗೋಡೆಯ ಮೇಲಿಂದ ಹಾರಿ, ನಡುವಿನ ರಾಶಿಯಲ್ಲಿ ಮುಳುಗಿದ.

ಹಿಂದೆ ತಿರುಗಿದರೆ ಪಾಪ್‌ಕಾರ್ನ್ ಹಿಡಿದ ಮಗು.

"ವೇರ್ ಈಸ್ ಡುಮ್ಮಣ್ಣ?"

"ಬಿದ್ದುಹೋದ ಕಂದಾ," ಅಂದೆ.

"ಬೀಳಲಿಲ್ಲ, ಎಸೆದಳು," ಅಂದರು ನಮ್ಮ ಮನೆಯವರು.

"ರೀ, ಸುಮ್ನಿರಿ!" ಅಷ್ಟರಲ್ಲಿ ಎದುರಿನ ದೊಡ್ಡ ಪರದೆಯ ಮೇಲೆ, ಇಡೀ ಸ್ಟೇಡಿಯಂ ನೋಡುತ್ತಿರುವಂತೆ, ಹಸಿರು ಚೂಡಿದಾರದ ಹೆಂಗಸೊಬ್ಬಳು ಹಲ್ಲು ಕಚ್ಚಿಕೊಂಡು ಆನೆಯೊಂದನ್ನು ಬೀಸಿ ಎಸೆಯುವ ದೃಶ್ಯ ಬಂತು. ನಿಧಾನವಾಗಿ. ಮೂರು ಸಲ.

ಮಗು ಬಾಯಿ ತೆರೆಯಿತು. ಆಮೇಲೆ ಬಂದ ಅಳು ಸೈಪ್ರೆಸ್ಸಿನಲ್ಲಿದ್ದ ಅಕ್ಕನಿಗೂ ಕೇಳಿಸಿರಬೇಕು. ನಾನು ಮೆಟ್ಟಿಲಿಳಿದು, ಐಸಿಗೆ ತೆರೆಯುವ ಬಾಗಿಲ ಹತ್ತಿರ ನಿಂತಿದ್ದ ಸಿಬ್ಬಂದಿಯ ಮುಂದೆ ಕೈಮುಗಿದು ಡುಮ್ಮಣ್ಣನ ಕಥೆ ಹೇಳಿದೆ. ಅವನು ರಾಶಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಹಿಂದೆ ಭಾವನ ತೋಳಲ್ಲಿ ನೀಲಿಗಟ್ಟುವಂತೆ ಅಳುತ್ತಿದ್ದ ಮಗುವನ್ನು ನೋಡಿ ವಾಕಿಟಾಕಿ ಎತ್ತಿದ. ಸ್ಪೀಕರಿನಲ್ಲಿ ಘೋಷಣೆಯಾಯಿತು: ಒಂದು ಕಿವಿಯ ಆನೆ ಕಳೆದಿದೆ, ಹೆಸರು ಡೂಮಾನಾ, ದಯವಿಟ್ಟು ಹುಡುಕಿ. ನಿಂತಿದ್ದ ಆಟ ಮತ್ತೆ ಶುರುವಾಗಲಿಲ್ಲ. ಎರಡೂ ತಂಡದವರು ಗೊಂಬೆಗಳನ್ನು ಒಂದೊಂದೇ ಎತ್ತಿ ಕಿವಿ ಎಣಿಸತೊಡಗಿದರು. ಸ್ಟೇಡಿಯಂ ಪೂರ್ತಿ ಚಪ್ಪಾಳೆ ತಟ್ಟುತ್ತಾ "ಡೂ-ಮಾ-ನಾ! ಡೂ-ಮಾ-ನಾ!" ಎಂದು ಕೂಗಿತು.

ಸಿಕ್ಕಿದ. ಹುಡುಕಿದವನು ಆ ಗಡ್ಡದವನೇ. ಬಾಗಿಲ ತನಕ ಜಾರಿಕೊಂಡು ಬಂದು, ಮಂಡಿಯೂರಿ, ಆನೆಯನ್ನು ಮಗುವಿನ ಕೈಗಿಟ್ಟ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮ ಮನೆಯವರು ಅಳುತ್ತಿದ್ದರು. ನಾನೂ ಕಣ್ಣೊರೆಸಿಕೊಂಡೆ. ಇಷ್ಟು ದಿನ ಈ ಜನರನ್ನು ಸುಮ್ಮನೆ ಹೀಯಾಳಿಸಿದೆನಲ್ಲ ಎಂದು ನಾಚಿಕೆಯಾಯಿತು.

ಮಗು ಡುಮ್ಮಣ್ಣನನ್ನು ಎದೆಗವಚಿಕೊಂಡು ಮೇಲೆ ಕೆಳಗೆ ನೋಡಿತು. ತನಗಾಗಿಯೇ ಕೂಗುತ್ತಿರುವ ಅಷ್ಟೂ ಜನರನ್ನು ನೋಡಿತು. ಕಣ್ಣು ಹೊಳೆಯಿತು.

"ಲೈಕ್ ಚಿಕ್ಕಜ್ಜಿ!" ಎಂದು ಕಿರುಚಿ, ಇದ್ದ ಬಲವನ್ನೆಲ್ಲ ಹಾಕಿ ಡುಮ್ಮಣ್ಣನನ್ನು ಮತ್ತೆ ಐಸಿನ ಮೇಲೆ ಎಸೆಯಿತು. ಆನೆ ಸೊಂಡಿಲು ಮುಂದೆ ಮಾಡಿಕೊಂಡು ಜಾರುತ್ತಾ, ಜಾರುತ್ತಾ, ಮಧ್ಯದ ತನಕ ಹೋಯಿತು. ಜನ ಹುಚ್ಚೆದ್ದು ಕುಣಿದರು. ಎರಡು ಕ್ಷಣ ಕಳೆದ ಮೇಲೆ ಮಗುವಿಗೆ ತಾನು ಮಾಡಿದ್ದು ಅರ್ಥವಾಯಿತು. ಬಾಯಿ ಮತ್ತೆ ತೆರೆಯತೊಡಗಿತು.

ಭಾವ ನನ್ನ ಭುಜ ಮೆತ್ತಗೆ ತಟ್ಟಿದರು.

"ಇನ್ನೊಮ್ಮೆ ಹೋಗಿ ಕೇಳವಾ. ಈಗ ಅವರಿಗೆಲ್ಲಾ ನಿನ್ನ ಪರಿಚಯ ಆಗೇದಲ್ಲ."