ಒಂದೂ ತಪ್ಪಿಲ್ಲದ ಸಂದೇಶ

ತೊಂದರೆ ಶುರುವಾದದ್ದು ಬಸ್ಸಿನಲ್ಲಿ ಸೀಟು ಸಿಕ್ಕಿದ್ದರಿಂದ. ಸಿಗದೆ ಹೋಗಿದ್ದರೆ ಮಿಂಚಣ್ಣನ ಒಂದು ಕೈ ಮೇಲಿನ ಕಂಬಿಯನ್ನು, ಇನ್ನೊಂದು ಕೈ ಊಟದ ಡಬ್ಬಿಯನ್ನು ಹಿಡಿದಿರುತ್ತಿತ್ತು; ಫೋನು ಜೇಬಿನಲ್ಲೇ ತೆಪ್ಪಗಿರುತ್ತಿತ್ತು. ಅವತ್ತು ಕಿಟಕಿ ಪಕ್ಕದ ಸೀಟೇ ಸಿಕ್ಕಿಬಿಟ್ಟಿತು.

ಮಿಂಚಣ್ಣ ನ್ಯಾಯಾಲಯದಲ್ಲಿ ಬೆರಳಚ್ಚುಗಾರ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ; ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ವಕೀಲರು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವನ ಬೆರಳು ಪೂರ್ಣವಿರಾಮ ಹಾಕಿ ಮುಂದಿನ ಮಾತಿಗೆ ಕಾಯುತ್ತಿತ್ತು. ಅವನು ಕೀಲಿಮಣೆ ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಮಾತಾಡುವವರ ತುಟಿ ನೋಡುತ್ತಿದ್ದ. ಬರೆದದ್ದನ್ನು ತಿರುಗಿ ಓದುವುದೆಂದರೆ, ಬೀಗ ಹಾಕಿದ ಮೇಲೂ ಮೂರು ಸಲ ಜಗ್ಗಿ ನೋಡುವವರ ಕಾಯಿಲೆ ಎಂದು ಅವನ ಅಭಿಪ್ರಾಯ.

ಈ ಕೀರ್ತಿಯೇ ಅವನನ್ನು ಅವನ ಮನೆಯಿದ್ದ ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ ಮಾಡಿತ್ತು. ಸಂಘದ ಅಧ್ಯಕ್ಷರು ನೆಲಮಹಡಿಯ ನಿವೃತ್ತ ಇನ್‌ಸ್ಪೆಕ್ಟರು. ಭಾರಿ ಆಳು, ಭಾರಿ ದನಿ. ಅಷ್ಟು ಬೇಗ ಬರೆಯುವವನು ಕಟ್ಟಡದಲ್ಲೇ ಇರುವಾಗ ಬೇರೆಯವರನ್ನು ಯಾಕೆ ಹುಡುಕಬೇಕು ಎಂದು ಅವರು ಕೇಳಿದ್ದರು. ಯಾರೂ ಹುಡುಕಲಿಲ್ಲ.

ಆದರೆ ಸಂಘದ ಸುದ್ದಿಯೆಲ್ಲ ಹೋಗುತ್ತಿದ್ದುದು ಫೋನಿನ ಗುಂಪಿಗೆ. ಮಿಂಚಣ್ಣನ ಹಳೆಯ ಗುಂಡಿ ಫೋನು ಬಕೆಟ್ಟಿಗೆ ಬಿದ್ದು ಸತ್ತ ಮೇಲೆ ಹೆಂಡತಿ ತನ್ನ ಹೆಸರಿನಲ್ಲೇ ಹೊಸ ನಂಬರು ಮಾಡಿಸಿ ಒಂದು ಗಾಜಿನ ಫೋನು ತಂದುಕೊಟ್ಟಿದ್ದಳು. ಹತ್ತು ಬೆರಳಿನ ವಿದ್ಯೆ ಎರಡು ಹೆಬ್ಬೆರಳಿಗೆ ಇಳಿಯಿತು. ಒತ್ತಿದರೆ ತಗ್ಗುವ ಕೀಲಿಯಿಲ್ಲ, ಬೆರಳಿಗೆ ಗುರುತು ಹೇಳುವ ಉಬ್ಬಿಲ್ಲ. ಎಣ್ಣೆ ಚೆಲ್ಲಿದ ನೆಲದ ಮೇಲೆ ಓಡಿದ ಹಾಗೆ. ಸಾಲದ್ದಕ್ಕೆ ಇಂಗ್ಲಿಷ್ ಅಕ್ಷರ ಒತ್ತಿದರೆ ಫೋನೇ ಅದನ್ನು ಕನ್ನಡಕ್ಕೆ ತಿರುಗಿಸುತ್ತಿತ್ತು, ತನಗೆ ತೋಚಿದ ಪದ ಹಾಕುತ್ತಿತ್ತು. ಇಂಥ ಅಧಿಕಪ್ರಸಂಗಿ ಗುಮಾಸ್ತನನ್ನು ಮಿಂಚಣ್ಣ ಕೋರ್ಟಿನಲ್ಲಿ ಒಂದು ದಿನವೂ ಸಹಿಸುತ್ತಿರಲಿಲ್ಲ.

ಅವತ್ತು ತಾರಸಿಯ ನೀರಿನ ಟ್ಯಾಂಕು ತೊಳೆಯುವವರು ಬರುವವರಿದ್ದರು. ಎಲ್ಲರೂ ತಮ್ಮ ನಲ್ಲಿಯನ್ನು ಮುಚ್ಚಿಡಬೇಕು. ತಾರಸಿಯ ಬೀಗದಕೈ ಗೇಟಿನ ಕಟ್ಟೆ ಮೇಲೆ ಕುಳಿತಿರುವ ಅಧ್ಯಕ್ಷರ ಹತ್ತಿರ ಇದೆ. ಇಷ್ಟೇ ವಿಷಯ. ಮಿಂಚಣ್ಣ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಾಚೆ ನೋಡುತ್ತಾ, ಎರಡು ಹೆಬ್ಬೆರಳು ಆಡಿಸಿ ಕಳಿಸಿದ. ಬಸ್ಸು ಮುಂದಿನ ನಿಲ್ದಾಣ ಮುಟ್ಟುವ ಮೊದಲೇ ಕೆಲಸ ಮುಗಿದಿತ್ತು. ಅವನಿಗೆ ತನ್ನ ಬಗ್ಗೆ ತನಗೇ ಮೆಚ್ಚುಗೆಯಾಯಿತು.

ಗುಂಪಿಗೆ ತಲುಪಿದ್ದು ಹೀಗಿತ್ತು: ‘ಇಂದು ಟ್ಯಾಂಕ್ ತೊಳೆಯುತ್ತಾರೆ. ಎಲ್ಲರೂ ತಮ್ಮ ನಲ್ಲೆಯನ್ನು ಮುಚ್ಚಿಡಿ. ಬೀಗದಕೈ ಕತ್ತೆ ಮೇಲೆ ಕುಳಿತಿರುವ ಅಧ್ಯಕ್ಷರ ಹತ್ತಿರ ಇದೆ.’

ಕೋರ್ಟಿನ ಕಲಾಪ ನಡೆಯುವಾಗ ಫೋನು ಮೇಜಿನ ಡ್ರಾಯರಿನೊಳಗೆ ಬಾಯಿ ಮುಚ್ಚಿಕೊಂಡಿರಬೇಕೆಂಬುದು ನಿಯಮ. ಹಾಗಾಗಿ ಮನೆ ಕಡೆಯ ಗದ್ದಲ ಮಿಂಚಣ್ಣನಿಗೆ ತಿಳಿದದ್ದು ಊಟದ ಬಿಡುವಿನಲ್ಲಿ, ಹೆಂಡತಿಯ ಫೋನಿನಿಂದ. ಎರಡನೇ ಮಹಡಿಯ ಹೊಸ ಜೋಡಿಯಲ್ಲಿ ಹೆಂಡತಿಯಾದವಳು, ಮುಚ್ಚಿಡಬೇಕಾದ ಆ ನಲ್ಲೆ ಯಾರು, ಕಾರ್ಯದರ್ಶಿಗೆ ಗೊತ್ತಿರುವುದು ನನಗೆ ಯಾಕೆ ಗೊತ್ತಿಲ್ಲ ಎಂದು ಗಂಡನನ್ನು ಬೆಳಗಿನಿಂದ ವಿಚಾರಣೆ ಮಾಡುತ್ತಿದ್ದಳಂತೆ. ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮ ನಲ್ಲಿ ತಿರುಗಿಸಿ, ನೀರು ಬರದೆ, ಹಾಗೇ ಬಿಟ್ಟು ಕ್ಲಿನಿಕ್ಕಿಗೆ ಹೋಗಿದ್ದರು. ಟ್ಯಾಂಕು ತುಂಬಿದ ಮೇಲೆ ನೀರು ಅವರ ಅಡುಗೆಮನೆ ತುಂಬಿ, ಮೆಟ್ಟಿಲಿಳಿದು, ನೇರ ಅಧ್ಯಕ್ಷರ ಹೊಸ ಸೋಫಾ ಹುಡುಕಿಕೊಂಡು ಹೋಗಿತ್ತು.

"ಅಧ್ಯಕ್ಷರು ಮಾತೇ ಆಡ್ತಿಲ್ಲ ರೀ," ಎಂದಳು ಹೆಂಡತಿ. "ಒದ್ದೆ ಸೋಫಾ ಮೇಲೆ ಸುಮ್ನೆ ಕೂತಿದ್ದಾರೆ. ಕತ್ತೆ ವಿಷಯಕ್ಕೆ."

ಯಾವ ಕತ್ತೆ ಎಂದು ಕೇಳಿ ತಿಳಿದುಕೊಂಡ ಮಿಂಚಣ್ಣ ಕೂಡಲೇ ಕಾರಿಡಾರಿನ ಕಂಬಕ್ಕೆ ಒರಗಿ ತಿದ್ದುಪಡಿ ಬರೆದ. ಕತ್ತೆಯಲ್ಲ, ಕಟ್ಟೆ, ದಯವಿಟ್ಟು ಕ್ಷಮಿಸಿ. ಅಷ್ಟರಲ್ಲಿ ಕಲಾಪದ ಗಂಟೆ ಹೊಡೆಯಿತು. ಎಂದಿನಂತೆ ತಿರುಗಿ ಓದದೆ ಕಳಿಸಿ ಒಳಗೆ ಓಡಿದ. ಬೆಳಗಿನಿಂದ ಎಲ್ಲರ ಬಾಯಲ್ಲಿದ್ದ ಕತ್ತೆಯನ್ನು ಫೋನು ಚೆನ್ನಾಗಿ ಕಲಿತುಬಿಟ್ಟಿತ್ತು. ‘ಅಧ್ಯಕ್ಷರೇ, ತಾವು ಕುಳಿತದ್ದು ಕತ್ತೆ ಮೇಲಲ್ಲ, ಕತ್ತೆ ಮೇಲೆ. ದಯವಿಟ್ಟು ಕ್ಷೀಣಿಸಿ.’

ತೂಕ ಇಳಿಸದಿದ್ದರೆ ತಾನು ಜವಾಬ್ದಾರನಲ್ಲ ಎಂದು ಅಧ್ಯಕ್ಷರಿಗೆ ಅವರ ವೈದ್ಯರು ಹೇಳಿದ್ದು ಹಿಂದಿನ ವಾರವಷ್ಟೇ.

ಸಂಜೆ ಕೋರ್ಟು ಮುಗಿಯುವ ಹೊತ್ತಿಗೆ ಹೆಂಡತಿ ಮತ್ತೆ ಫೋನು ಮಾಡಿದಳು. ಸಂಘದ ತುರ್ತು ಸಭೆ ಕರೆದಿದ್ದಾರಂತೆ. ಇನ್ನು ಒಂದಕ್ಷರವನ್ನೂ ಬರೆಯಬೇಡಿ, ನೇರ ಬಂದು ಬಾಯಲ್ಲಿ ಕ್ಷಮೆ ಕೇಳಿ ಎಂದಳು. ಹೆಂಡತಿಯ ಮಾತು ಕೇಳಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮಿಂಚಣ್ಣನಿಗೆ ಹಟ ಹತ್ತಿತು. ಬೆರಳಿನಿಂದ ಹೋದ ಮರ್ಯಾದೆ ಬೆರಳಿನಿಂದಲೇ ವಾಪಸು ಬರಬೇಕು.

ಕಚೇರಿಯ ಉಗ್ರಾಣದಲ್ಲಿ ಹಳೆಯ ಕೀಲಿಮಣೆಯೊಂದು ಧೂಳು ತಿನ್ನುತ್ತಾ ಬಿದ್ದಿತ್ತು. ಗುಮಾಸ್ತರನ್ನು ಕೇಳಿ, ಕಂಕುಳಲ್ಲಿ ಇರುಕಿಸಿಕೊಂಡು, ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಗೆ ಹೋದ. ಇದನ್ನು ಇದಕ್ಕೆ ಸೇರಿಸಿಕೊಡಬೇಕು ಎಂದ. ಅಂಗಡಿಯ ಹೆಂಗಸು ಕೀಲಿಮಣೆಯನ್ನೂ ಅವನನ್ನೂ ಒಮ್ಮೆ ನೋಡಿ, ತನ್ನ ಡಬ್ಬಿಯಿಂದ ಒಂದು ಪುಟ್ಟ ಪಿನ್ನು ತೆಗೆದು ಕೀಲಿಮಣೆಯ ವೈರಿಗೂ ಫೋನಿಗೂ ನಡುವೆ ಸಿಕ್ಕಿಸಿದಳು. ಕೋರ್ಟಿನಲ್ಲಿರುವಂತೆಯೇ ಕನ್ನಡ ಅಕ್ಷರ ಬೀಳುವ ಹಾಗೆ ಹೊಂದಿಸಿಯೂ ಕೊಟ್ಟಳು. ಮಾರುವುದಕ್ಕಲ್ಲ, ಇಲ್ಲೇ ಕೂತು ಬರೆದು ಪಿನ್ನು ವಾಪಸು ಕೊಡಿ ಎಂದಳು.

ಮಿಂಚಣ್ಣ ಸ್ಟೂಲಿನ ಮೇಲೆ ಕುಳಿತ. ಕೀಲಿಮಣೆ ತೊಡೆಯ ಮೇಲೆ, ಫೋನು ಎದುರಿನ ಗಾಜಿನ ಕಪಾಟಿಗೆ ಒರಗಿ. ಹತ್ತು ಬೆರಳೂ ತಮ್ಮ ತಮ್ಮ ಜಾಗದಲ್ಲಿ ಕುಳಿತವು. ತವರಿಗೆ ಬಂದ ಮಗಳ ಹಾಗೆ ಅವು ಒಂದು ಕ್ಷಣ ಸುಮ್ಮನಿದ್ದವು, ಆಮೇಲೆ ಹೊರಟವು. ತಗಡಿನ ಮೇಲೆ ಮಳೆ ಸುರಿದಂತೆ ಸದ್ದಾಯಿತು. ಬಸ್ಸಿಗೆ ಕಾದಿದ್ದವರು ಹತ್ತಿರ ಬಂದು ನಿಂತರು. ಮಿಂಚಣ್ಣ ಅಧ್ಯಕ್ಷರ ಸೋಫಾಕ್ಕೆ ವಿಷಾದ ಬರೆದ, ಡಾಕ್ಟರಮ್ಮನ ಅಡುಗೆಮನೆಗೆ ಸಹಾನುಭೂತಿ ಬರೆದ, ಹೊಸ ಜೋಡಿಯ ಗಂಡ ನಿರ್ದೋಷಿ ಎಂದು ಸಾರಿದ. ಕೊನೆಗೆ, ಇಷ್ಟೆಲ್ಲ ಅನಾಹುತಕ್ಕೆ ಕಾರಣನಾದ ನಾನು ಕಾರ್ಯದರ್ಶಿ ಹುದ್ದೆಗೆ ಈ ಮೂಲಕ ರಾಜೀನಾಮೆ ನೀಡುತ್ತಿದ್ದೇನೆ ಎಂದು ಮುಗಿಸಿದ. ಜೀವನದಲ್ಲಿ ಮೊದಲ ಸಲ ಬರೆದದ್ದನ್ನು ತಿರುಗಿ ಓದಿದ. ಒತ್ತಕ್ಷರ, ದೀರ್ಘ, ಅಲ್ಪವಿರಾಮ, ಎಲ್ಲವೂ ಕವಾಯತಿಗೆ ನಿಂತ ಹಾಗಿದ್ದವು. ಕಳಿಸಿದ. ಪಿನ್ನು ವಾಪಸು ಕೊಟ್ಟ. ಎದೆ ಎರಡಂಗುಲ ಉಬ್ಬಿತ್ತು.

ನಿಲ್ದಾಣಕ್ಕೆ ಬಂದು ಫೋನನ್ನೇ ನೋಡುತ್ತಾ ನಿಂತ. ಗುಂಪಿನವರೆಲ್ಲ ಓದಿ ಕಣ್ಣೀರು ಒರೆಸಿಕೊಳ್ಳುತ್ತಿರಬೇಕು ಎಂದುಕೊಂಡ. ಆಮೇಲೆ ಅವನನ್ನು ಗುಂಪಿನಿಂದ ತೆಗೆದುಹಾಕಲಾಗಿದೆ ಎಂಬ ಸೂಚನೆ ಬಂತು. ಹೆಂಡತಿಗೆ ಫೋನು ಮಾಡಿದರೆ ಅವಳು ಕತ್ತರಿಸಿದಳು. ಇನ್ನೊಮ್ಮೆ ಮಾಡಿದರೆ ಮತ್ತೆ ಕತ್ತರಿಸಿದಳು. ಬಸ್ಸು ಹತ್ತಿ ಮೂರನೇ ಸಲ ಮಾಡಹೋದರೆ ಫೋನಿಗೆ ಸಿಗ್ನಲ್ಲೇ ಇರಲಿಲ್ಲ.

ಅವನು ಕಂಕುಳಲ್ಲಿ ಕೀಲಿಮಣೆಯೊಂದಿಗೆ ಗೇಟು ದಾಟಿದಾಗ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಇಡೀ ಕಟ್ಟಡವೇ ಕುಳಿತಿತ್ತು. ಹೆಂಡತಿ ಓಡಿ ಬಂದು ಅವನ ಭುಜ, ತೋಳು ಮುಟ್ಟಿ ನೋಡಿದಳು. ಅವನಿಗೇನೂ ಆಗಿಲ್ಲ ತಾನೆ ಎಂದು ಕೇಳಿದಳು. ಅಧ್ಯಕ್ಷರು ಎದ್ದು ಬಂದು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ ಮಿಂಚಣ್ಣ ಕೀಲಿಮಣೆಯನ್ನು ಎದೆಗೆ ಅವುಚಿಕೊಂಡ.

"ಹೆದರ್ಬೇಡಿ," ಎಂದರು ಅಧ್ಯಕ್ಷರು. "ನಿಮ್ಮ ನಂಬರಿಗೆ ಕಳ್ಳ ನುಗ್ಗಿದ್ದ. ನಾನು ಕಂಡುಹಿಡಿದೆ. ನಿಮ್ಮ ಮನೆಯವ್ರು ಆಗ್ಲೇ ನಂಬರ್ ನಿಲ್ಲಿಸಿದ್ದಾರೆ."

ಅವರು ಕನ್ನಡಕ ಏರಿಸಿ, ಮಿಂಚಣ್ಣನ ಸಂದೇಶವನ್ನು ಸಾಕ್ಷ್ಯದಂತೆ ಎಲ್ಲರಿಗೂ ತೋರಿಸುತ್ತಾ ತನಿಖೆಯ ಕ್ರಮ ವಿವರಿಸಿದರು. ಮೊದಲ ಸಾಲಿನಲ್ಲೇ ಅವರಿಗೆ ಅನುಮಾನ ಬಂದಿತ್ತಂತೆ. "ನಮ್ಮ ಮಿಂಚಣ್ಣ ಬರೆದಿದ್ರೆ ಇಷ್ಟು ಉದ್ದಕ್ಕೆ ಕಡೇಪಕ್ಷ ನಾಲ್ಕು ಜನಕ್ಕೆ ಅವಮಾನ ಆಗ್ಬೇಕಿತ್ತು. ಇಲ್ಲಿ ಒಬ್ಬರಿಗೂ ಆಗಿಲ್ಲ. ಇವನ್ಯಾರೋ ಓದಿದ ಕಳ್ಳ."

ಅದನ್ನು ಬರೆದವನು ತಾನೇ ಎಂದ ಮಿಂಚಣ್ಣ. ಫೋನು ತೆಗೆದು ತೋರಿಸಿದ. ಈಗಿನ ಕಳ್ಳರು ಫೋನು ಕದಿಯುವುದಿಲ್ಲ, ನಂಬರು ಕದಿಯುತ್ತಾರೆ ಎಂದರು ಅಧ್ಯಕ್ಷರು. ಕೀಲಿಮಣೆ ತೋರಿಸಿ, ಇದರಲ್ಲಿ ಬರೆದೆ ಎಂದ. ಡಾಕ್ಟರಮ್ಮ ಅದರ ಬಾಲವನ್ನೂ ಫೋನಿನ ತೂತನ್ನೂ ಅಳೆದು ನೋಡಿ, ಇದು ಅದಕ್ಕೆ ಹೋಗುವುದೇ ಇಲ್ಲವಲ್ಲ ಎಂದರು. ಪಿನ್ನಿನ ಕತೆ, ಸ್ಟೂಲಿನ ಕತೆ ಹೇಳಿದ. ಪಾಪ, ತುಂಬಾ ಆಘಾತವಾಗಿದೆ ಎಂದು ಡಾಕ್ಟರಮ್ಮ ಅವನ ಹೆಂಡತಿಯ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಅಧ್ಯಕ್ಷರು ತಮ್ಮ ಫೋನನ್ನೇ ಮುಂದೆ ಹಿಡಿದರು. "ಸರಿ, ಇದರಲ್ಲಿ ಒಂದು ಸಾಲು ಬರೀರಿ. ಯಾರು ಯಾರು ಅನ್ನೋದು ಗೊತ್ತಾಗಿಬಿಡ್ಲಿ."

ಎಲ್ಲರೂ ಕುರ್ಚಿ ಸರಿಸಿಕೊಂಡು ಸುತ್ತ ನಿಂತರು. ಮಿಂಚಣ್ಣ ಈ ಸಲ ಗಾಜಿನ ಮೇಲೇ ಕಣ್ಣಿಟ್ಟು, ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ ಒತ್ತಿದ. ಆ ಸಂದೇಶ ಬರೆದದ್ದು ನಾನೇ. ಕೊನೆಯ ಪದದಲ್ಲಿ ಬೆರಳಿಗೆ ಹಳೆಯ ವೇಗ ನೆನಪಾಯಿತು. ಅಧ್ಯಕ್ಷರು ಫೋನು ತೆಗೆದುಕೊಂಡು ಗಟ್ಟಿಯಾಗಿ ಓದಿದರು. ‘ಆ ಸಂದೇಶ ಬರೆದದ್ದು ನಾಯಿ.’

ಸಭೆ ನಿರಾಳವಾಗಿ ಉಸಿರುಬಿಟ್ಟಿತು. "ಇವ್ರೇ," ಎಂದು ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಇವ್ರದ್ದೇ ಕೈ."

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಇಂಥ ಸಂಕಟದಲ್ಲಿರುವವನ ಮೇಲೆ ಕೋಪ ಇಟ್ಟುಕೊಳ್ಳುವುದು ತರವಲ್ಲವೆಂದು ಅಧ್ಯಕ್ಷರು ಕತ್ತೆಯನ್ನೂ ಸೋಫಾವನ್ನೂ ಮನ್ನಿಸಿದರು. ರಾಜೀನಾಮೆ ಕಳ್ಳನದ್ದಾದ್ದರಿಂದ ಅದು ಊರ್ಜಿತವಲ್ಲವೆಂದು ತೀರ್ಮಾನವಾಯಿತು. ಇಂಥ ಕಷ್ಟದಲ್ಲೂ ಹುದ್ದೆ ಬಿಡದ ಮಿಂಚಣ್ಣನೇ ಇನ್ನೊಂದು ಅವಧಿಗೂ ಕಾರ್ಯದರ್ಶಿ ಎಂದು ಹೊಸ ಜೋಡಿಯ ಗಂಡ ಸೂಚಿಸಿದ, ಎಲ್ಲರೂ ಕೈ ಎತ್ತಿದರು. ಮಿಂಚಣ್ಣ ಬಾಯಿ ತೆರೆದಾಗ ಹೆಂಡತಿ ಅವನಿಗೆ ನೀರು ಕುಡಿಸಿದಳು. ಕೊನೆಯದಾಗಿ, ಕಳ್ಳ ಮತ್ತೆ ಬರದಂತೆ ಒಂದು ನಿಯಮ ಪಾಸಾಯಿತು. ಇನ್ನು ಮೇಲೆ ಕಾರ್ಯದರ್ಶಿಯ ಹೆಸರಿನಲ್ಲಿ ತಪ್ಪಿಲ್ಲದ ಸಂದೇಶ ಬಂದರೆ ಯಾರೂ ನಂಬಕೂಡದು, ಕೂಡಲೇ ಪೊಲೀಸರಿಗೆ ತಿಳಿಸಬೇಕು.

ನಿಯಮವನ್ನು ಗುಂಪಿಗೆ ಈಗಲೇ ಕಳಿಸಿಬಿಡಿ ಎಂದು ಅಧ್ಯಕ್ಷರು ತಮ್ಮ ಫೋನನ್ನು ಅವನ ಕೈಗಿತ್ತರು. ಮಿಂಚಣ್ಣ ಬಲು ನಿಧಾನವಾಗಿ, ಪ್ರತಿ ಪದವನ್ನೂ ಎರಡೆರಡು ಸಲ ನೋಡಿ ಬರೆದ. ಮುಗಿಸಿ ಓದಿದರೆ, ಇಡೀ ಸಂದೇಶದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ. ಮಿಂಚಣ್ಣ ಬೆವರಿದ. ಸುತ್ತ ಎಲ್ಲರೂ ತಮ್ಮ ತಮ್ಮ ಫೋನು ಹಿಡಿದು ಕಾಯುತ್ತಿದ್ದರು. ಅವನು ಮೊದಲ ಸಾಲಿಗೆ ಹಿಂತಿರುಗಿ, ತಪ್ಪು ಮಾಡಲು ಒಂದು ಒಳ್ಳೆಯ ಜಾಗ ಹುಡುಕತೊಡಗಿದ.