ನೀಲಿ ಚಡ್ಡಿಯ ಜನ್ಮಗಳು

ಆಸ್ಪತ್ರೆಯ ಎದುರು ವಿಡಿಯೋ ಗೇಮ್ ಅಂಗಡಿ ಇಟ್ಟುಕೊಂಡರೆ ಇಂಥವು ಆಗುತ್ತಲೇ ಇರುತ್ತವೆ. ಘಟಪ್ರಭಾದಲ್ಲಿ ನಾನು ಅಂಗಡಿ ತೆರೆದಾಗ ನನ್ನ ಭಾವ "ಔಷಧಿ ಅಂಗಡಿ ಇಡು, ಇಲ್ಲಾ ಹಣ್ಣು ಮಾರು" ಎಂದು ತಲೆ ತಿಂದಿದ್ದ. ಆಪರೇಶನ್ ಕೋಣೆಯ ಹೊರಗೆ ಕಾದು ಕೂತವನಿಗೆ ಸೇಬು ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಅವನಿಗೇನು ಗೊತ್ತು? ನನ್ನ ಗಿರಾಕಿಗಳು ಒಳಗೆ ತಮ್ಮವರನ್ನು ಮಲಗಿಸಿ ಬಂದವರು. ಕೆಲವರು ತಾವೇ ಮಲಗಬೇಕಾದವರು.

೧. ಕಲಿಸಿದವನು ಯಾರು?

ಕುಲಗೋಡದ ಪೈಲ್ವಾನರು ಈ ಎರಡನೇ ಪೈಕಿ. ಐವತ್ತು ದಾಟಿದ ಆಸಾಮಿ. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಬೆರಳುಗಳು ಕಪ್ಪಾಗಿದ್ದವು. ಕೈಯಲ್ಲಿ ಸಲೈನಿನ ಸೂಜಿ ಇಟ್ಟುಕೊಂಡೇ ವಾರ್ಡಿನಿಂದ ಕುಂಟುತ್ತ ಬರುತ್ತಿದ್ದರು. ನನ್ನಲ್ಲಿ ಒಂದು ಕುಸ್ತಿ ಆಟದ ಸೀಡಿ ಇತ್ತು. ಅದರ ಹೀರೋ ಬೋಳು ತಲೆಯ, ನೀಲಿ ಚಡ್ಡಿಯ ದಾಂಡಿಗ. ಅವನ ಹೆಸರನ್ನು ಯಾರಿಗೂ ಓದಲು ಬರುತ್ತಿರಲಿಲ್ಲ, ಹಾಗಾಗಿ ನೀಲಿ ಚಡ್ಡಿ ಎಂದೇ ಕರೆಯುತ್ತಿದ್ದೆವು.

ಪೈಲ್ವಾನರು ರಿಮೋಟ್ ಹಿಡಿಯುವ ಮೊದಲು ಗರಡಿಯಲ್ಲಿ ಮಣ್ಣು ಮುಟ್ಟುವಂತೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡರು. ನಾನು ಕಸ ಗುಡಿಸಿರಲಿಲ್ಲ. ಹಣೆಗೆ ಶೇಂಗಾ ಸಿಪ್ಪೆ ಹತ್ತಿತು. ಆಟ ಶುರುವಾದ ಕೂಡಲೇ ಎದುರಾಳಿಯನ್ನು ಕೆಡವಿದರು. ಕೆಡವಿ ಸುಮ್ಮನೆ ಕೂತರು.

"ಗುಂಡಿ ಒತ್ರಿ, ಇನ್ನೂ ಹೊಡೀರಿ!" ಎಂದೆ.

"ಬಿದ್ದಾಂವನ್ನ ಹೊಡಿಯೂದು ಕುಸ್ತಿ ಅಲ್ಲೋ ತಮ್ಮಾ, ನನಗ ಕಲಿಸಿದ ವಸ್ತಾದ ಅಂದಾನ. ಏಳ್ಲಿ."

ಅವನು ಎದ್ದ, ನೀಲಿ ಚಡ್ಡಿಯನ್ನು ಕೆಡವಿದ, ಎದೆಯ ಮೇಲೆ ಹತ್ತಿ ಕುಣಿದ. ಬಿದ್ದಲ್ಲಿಂದಲೇ ಒದೆಯಲು ಬೇರೆ ಗುಂಡಿ ಇದೆ ಎಂದು ತೋರಿಸಿದೆ. ಅದನ್ನೂ ಮುಟ್ಟಲಿಲ್ಲ. ಆಡಿದ ಆಟವನ್ನೆಲ್ಲ ಸೋತು, ಕೊನೆಗೆ ಟೀವಿಯ ಹಿಂದೆ ಬಗ್ಗಿ ನೋಡಿ ಕೇಳಿದರು: "ಇಂವಗ ಕಲಿಸಿದ ವಸ್ತಾದ ಯಾರು? ಅವನ್ನ ಮೊದಲ ಕರಿ."

೨. ಹಿಂದೆ ಎರಡು ಟ್ರಾಲಿ

ಒಂದು ಆಟ ಓಡಿತೆಂದರೆ ಕಂಪನಿಯವರು ಅದರ ಹೀರೋನನ್ನು ಹಿಂಡಿ ಹಿಪ್ಪೆ ಮಾಡುತ್ತಾರೆ. ಬೆಳಗಾವಿಯಿಂದ ನಾನು ತಂದ ಮುಂದಿನ ಸೀಡಿಯಲ್ಲಿ ನೀಲಿ ಚಡ್ಡಿ ಕುಸ್ತಿ ಬಿಟ್ಟು ರೇಸಿನ ಕಾರು ಹತ್ತಿದ್ದ. ಅದೇ ಬೋಳು ತಲೆ, ಅದೇ ಚಡ್ಡಿ. ಪೈಲ್ವಾನರ ಮುಖ ಇಳಿಯಿತು.

"ಮೊಣಕಾಲ ಹೋಗಿರಬೇಕ ಪಾಪ," ಅಂದರು. "ನಂದೂ ಹಿಂಗ ಆತು. ಕುಸ್ತಿ ಬಿಟ್ಟು ಕಬ್ಬಿನ ಟ್ರ್ಯಾಕ್ಟರ್ ಹತ್ತಿದೆ."

ಆಮೇಲೆ ಅವರು ಆ ಕಾರು ಓಡಿಸಿದ್ದನ್ನು ನೋಡಬೇಕಿತ್ತು. ಎಡಗಡೆಯೇ ಹಿಡಿದರು, ತಿರುವಿನಲ್ಲೆಲ್ಲ ನಿಂತರು, ಹಿಂದಿನಿಂದ ಬಂದವರಿಗೆಲ್ಲ ದಾರಿ ಬಿಟ್ಟರು. ಉಳಿದವರು ರೇಸ್ ಮುಗಿಸಿದಾಗ ಇವರು ಇನ್ನೂ ಏರು ಹತ್ತುತ್ತಿದ್ದರು. "ಜೋರ ಬಿಡ್ರಿ!" ಎಂದು ನಾನು ಹಣೆ ಬಡಿದುಕೊಂಡೆ.

"ಸುಮ್ನಿರೋ, ಹಿಂದ ಎರಡ ಟ್ರಾಲಿ ಅದಾವ."

ಎಲ್ಲರಿಗಿಂತ ಕೊನೆಗೆ ಬಂದು ಮುಟ್ಟಿ, ನೆಮ್ಮದಿಯಿಂದ ನನ್ನ ಕಡೆ ತಿರುಗಿದರು. "ಒಂದ ಕಬ್ಬೂ ಬಿದ್ದಿಲ್ಲ ನೋಡು."

೩. ಮೀನಿನ ಪಾಪ

ಇನ್ನೊಬ್ಬ ಕಾಯಂ ಗಿರಾಕಿ ಹುಕ್ಕೇರಿಯ ಬೆಲ್ಲದ ವ್ಯಾಪಾರಿ, ಜೈನರು, ಎಲ್ಲರಿಗೂ ಕಾಕಾ. ಅವರ ಹೆಂಡತಿ ಹೆಂಗಸರ ವಾರ್ಡಿನಲ್ಲಿದ್ದರು, ಗುಣವಾಗುವ ಲಕ್ಷಣ ಇರಲಿಲ್ಲ. ಕಾಕಾ ಆಡುತ್ತಿರಲಿಲ್ಲ. ಮೂಲೆಯಲ್ಲಿ ಕೂತು ನೋಡುತ್ತಿದ್ದರು, ಹೊತ್ತು ಮುಳುಗುವ ಮೊದಲು ಊಟಕ್ಕೆ ಎದ್ದು ಹೋಗುತ್ತಿದ್ದರು. ನೀಲಿ ಚಡ್ಡಿ ಕಾರು ಹತ್ತಿದ್ದು ಅವರಿಗೆ ಸೋಜಿಗವೇ ಅಲ್ಲ.

"ನಮ್ಮ ಬಸದ್ಯಾಗ ಭವಾವಳಿ ಓದ್ತಾರ, ಒಂದ ಜೀವ ಎಲ್ಲೆಲ್ಲಿ ಹುಟ್ಟಿ ಬಂತು ಅಂತ. ಇಂವ ಕುಸ್ತ್ಯಾಗ ಮಂದೀನ ಬಡದ, ಡ್ರೈವರ್ ಆಗಿ ಹುಟ್ಟಿದ. ಮುಂದ ಏನಾಗ್ತಾನೋ."

ಮೂರನೇ ಸೀಡಿಯಲ್ಲಿ ಅವನು ದೋಣಿಯಲ್ಲಿ ಕೂತು ಗಾಳ ಹಾಕುತ್ತಿದ್ದ. ಕಾಕಾ ಮುಖ ಮುಚ್ಚಿಕೊಂಡರು. "ನರಕಕ್ಕ ಹೊಂಟಾನ! ಬಂದ್ ಮಾಡೋ!" ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಗುಂಡಿಯೂ ಇದೆ ಎಂದೆ. ಅಲ್ಲಿಯವರೆಗೆ ರಿಮೋಟ್ ಮುಟ್ಟದ ಕಾಕಾ ಅದನ್ನು ಪೈಲ್ವಾನರ ಕೈಯಿಂದ ಕಸಿದುಕೊಂಡರು. ಆಮೇಲೆ ಒಂದೇ ರಿಮೋಟ್ ಅತ್ತಿಂದಿತ್ತ: ಪೈಲ್ವಾನರು ಹಿಡಿಯುವುದು, ಕಾಕಾ ಬಿಡುವುದು. ಆಟ ಮುಗಿದಾಗ ಒಂದೂ ಮೀನಿಲ್ಲದೆ ನೀಲಿ ಚಡ್ಡಿ ದೋಣಿಯಲ್ಲಿ ಅಳುತ್ತ ಕೂತಿದ್ದ.

"ಅಳ್ಲಿ," ಅಂದರು ಕಾಕಾ, "ಮುಂದಿನ ಜನ್ಮಕ್ಕ ಚಲೋ ಆತು."

೪. ನಿಮಗೆ ಪುರಸತ್ತಿಲ್ಲ

ಪೈಲ್ವಾನರ ಬೆರಳಿನ ಕಪ್ಪು ಮೇಲೇರಿತು. ಮೊಣಕಾಲಿನ ಕೆಳಗೆ ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಪೈಲ್ವಾನರು ಒಪ್ಪಲಿಲ್ಲ. "ಕಾಲಿಲ್ಲದ ಪೈಲ್ವಾನ ಯಾಕ ಬದುಕಬೇಕು?" ಎಂದು ನನ್ನ ಅಂಗಡಿಗೆ ಬಂದು ಗೋಡೆಗೆ ಒರಗಿ ಕೂತರು. ಹಿಂದೆಯೇ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತು ಅಳತೊಡಗಿದರು. "ಅಣ್ಣಾ, ನೀವರೆ ಹೇಳ್ರಿ. ನಿಮ್ಮ ಮಾತ ಕೇಳ್ತಾರ." ಸೀಡಿ ಬದಲಿಸುವುದು ಬಿಟ್ಟರೆ ನನಗೇನು ಬರುತ್ತದೆ?

ಮಾತಾಡಿದವರು ಕಾಕಾ. "ಪೈಲ್ವಾನ್ರ, ನಿಮ್ಮ ಲಿಂಗಾಯತ ಮಂದ್ಯಾಗ ಸತ್ತ ಮ್ಯಾಲ ಮತ್ತ ಹುಟ್ಟೂದಿಲ್ಲ ಅಂತೀರಿ, ಹೌದಲ್ರಿ?"

"ಇಲ್ರಿ. ಲಿಂಗದಾಗ ಕೂಡೂದು. ಅಲ್ಲಿಗೆ ಮುಗೀತು."

"ಹಂಗಾದ್ರ ನನಗ ಪುರಸತ್ತ ಐತಿ, ನಿಮಗಿಲ್ಲ. ಎಲ್ಲಾ ಜನ್ಮ ಈ ಒಂದ ಮೈಯಾಗ ಮುಗಿಸಬೇಕು. ಕುಸ್ತಿ ಆತು, ಟ್ರ್ಯಾಕ್ಟರ್ ಆತು. ನೀಲಿ ಚಡ್ಡಿ ಮೂರನೇದಕ್ಕ ಬಂದ. ನೀವ್ಯಾಕ ಎರಡಕ್ಕ ಅಂಜಿ ನಿಂತ್ರಿ?"

ಪೈಲ್ವಾನರು ಕಪ್ಪಾದ ಕಾಲನ್ನು ಎರಡೂ ಕೈಯಿಂದ ಎತ್ತಿ ಮುಂದೆ ಚಾಚಿಕೊಂಡರು. ನನಗೂ ಅಳು ಬಂದಿತ್ತು, ಟೀವಿ ಒರೆಸುವ ನೆವ ಮಾಡಿದೆ. ಆಮೇಲೆ ಪೈಲ್ವಾನರೇ, "ಆತು ತಗೀಲಿ. ಹಿಡಕಲ್ ಡ್ಯಾಮಿನ್ಯಾಗ ಮೀನ ಹಿಡಿಯಾಕ ಕಾಲ ಏನ ಬೇಕಾಗಿಲ್ಲ," ಎಂದರು.

ಕಾಕಾ ಕೂತಲ್ಲೇ ಹೌಹಾರಿದರು. "ಅದೊಂದ ಬ್ಯಾಡ್ರಿ!"

೫. ಬಿದ್ದವನ ಪಟ್ಟು

ಕಾಲು ತೆಗೆದರು. ಅದನ್ನು ಬಟ್ಟೆಯಲ್ಲಿ ಸುತ್ತಿ ಕುಲಗೋಡಕ್ಕೆ ಒಯ್ದು, ಹೊಲದಲ್ಲಿ ವಿಭೂತಿ ಹಚ್ಚಿ ಮಣ್ಣು ಮಾಡಿದರಂತೆ. ಹಿಂದೆ ಅವರ ಕೈಯಲ್ಲಿ ಕುಸ್ತಿ ಕಲಿತ ಗರಡಿಯ ಶಿಷ್ಯರೆಲ್ಲ ಬಂದು, ಗುರುವಿನ ಕಾಲಲ್ಲವೇ ಎಂದು ಒಬ್ಬೊಬ್ಬರಾಗಿ ಅದಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದರು. "ಆಶೀರ್ವಾದ ಮಾಡಾಕ ನಾ ಇಲ್ಲಿ ವಾರ್ಡಿನ್ಯಾಗ ಬಿದ್ದಿದ್ನಿ," ಎಂದು ಪೈಲ್ವಾನರು ಪೇಚಾಡಿದರು.

ಗಾಯ ಮಾಗಿದ ಮೇಲೆ ಡಾಕ್ಟರಿಗೆ ತೋರಿಸಲು ಬಂದವರು ಊರುಗೋಲು ಊರುತ್ತ ಅಂಗಡಿಗೆ ಬಂದರು. ಕಾಕಾ ಮೂಲೆಯಲ್ಲಿದ್ದರು. ಅವರ ಹೆಂಡತಿ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ಇನ್ನು ಕೆಲಸವಿರಲಿಲ್ಲ, ಆದರೂ ಹುಕ್ಕೇರಿಯಿಂದ ಬಸ್ಸು ಹತ್ತಿ ಬಂದು ಕೂತಿದ್ದರು.

"ಕುಸ್ತಿ ಹಚ್ಚೋ ತಮ್ಮಾ," ಅಂದರು ಪೈಲ್ವಾನರು. ನೆಲ ಮುಟ್ಟಲು ಬಗ್ಗಿದರು, ಆಗಲಿಲ್ಲ. ಕಾಕಾ ಎದ್ದು ಬಂದು, ತಾವೇ ನೆಲ ಮುಟ್ಟಿ ಅವರ ಹಣೆಗೆ ಹಚ್ಚಿದರು. ಶೇಂಗಾ ಸಿಪ್ಪೆಯೂ ಹತ್ತಿತು.

ಎಂದಿನಂತೆ ಎದುರಾಳಿ ನೀಲಿ ಚಡ್ಡಿಯನ್ನು ಕೆಡವಿ ಎದೆ ತುಳಿಯಲು ಬಂದ. ಪೈಲ್ವಾನರು ಎಂದೂ ಮುಟ್ಟದ ಆ ಗುಂಡಿ ಒತ್ತಿದರು. ನೀಲಿ ಚಡ್ಡಿ ಬಿದ್ದಲ್ಲಿಂದಲೇ ಜಾಡಿಸಿ ಒದ್ದ. ಎದುರಾಳಿ ಅಂಗಾತ ಬಿದ್ದವನು ಏಳಲಿಲ್ಲ. ಮೊದಲ ಗೆಲುವು. ಕಾಕಾ ಎಷ್ಟೋ ದಿನಗಳ ಮೇಲೆ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

"ಇದೇನ್ರಿ, ನಿಮ್ಮ ವಸ್ತಾದರ ಮಾತ ಮುರದ್ರಿ?" ಎಂದೆ ನಾನು.

ಪೈಲ್ವಾನರು ಅರ್ಧ ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟುಕೊಂಡರು. "ಬಿದ್ದಾಂವನ್ನ ಹೊಡೀಬಾರದು ಅಂದಾನ ವಸ್ತಾದ. ಬಿದ್ದಾಂವ ಹೊಡೀಬಾರದು ಅಂತ ಎಲ್ಲಿ ಅಂದಾನ?"